ಒರೆಸುವ ಬಟ್ಟೆಯಾಗದ ಮಾವ

ಚನ್ನರಾಯಪಟ್ಟಣದಲ್ಲಿ ಇಪ್ಪತ್ತೇಳು ವರ್ಷ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿ ದಣಿದಿದ್ದ ಚಂದ್ರಮೌಳಿ ಮೇಷ್ಟ್ರಿಗೆ ಈ ಪ್ರಪಂಚದಲ್ಲಿ ಬೇಕಾಗಿದ್ದದ್ದು ಒಂದೇ: ತಮ್ಮ ಹಳೇ ತಿಳಿನೀಲಿ ಕಾಟನ್ ಅಂಗಿ. ಹದಿನಾಲ್ಕು ವರ್ಷದ್ದು. ಚುಚ್ಚುತ್ತಿರಲಿಲ್ಲ, ಬಿಗಿಯುತ್ತಿರಲಿಲ್ಲ, ಮುಖ್ಯವಾಗಿ ಏನನ್ನೂ ಕೇಳುತ್ತಿರಲಿಲ್ಲ. (ಆ ಮನೆಯಲ್ಲಿ ಏನನ್ನೂ ಕೇಳದಿದ್ದದ್ದು ಅದೊಂದೇ.) ಸಂಜೆ ಅದನ್ನು ತೊಟ್ಟ ಮೇಲೆಯೇ ಅವರಿಗೆ ಉಸಿರು ಬಂದ ಹಾಗಾಗುತ್ತಿತ್ತು.

ಆದರೆ ಹೆಂಡತಿ ನೀಲಾಂಬಿಕೆಯ ಕಣ್ಣು ಅದರ ಮೇಲೆ ಬಿದ್ದಿತ್ತು. ಅವಳ ಸಾಮ್ರಾಜ್ಯದಲ್ಲಿ ಬಟ್ಟೆಗೊಂದು ಶಾಸನವಿದೆ: ಮೊದಲು ಮದುವೆಮನೆಗೆ, ಆಮೇಲೆ ಸ್ಕೂಲಿಗೆ, ಆಮೇಲೆ ಮನೆಗೆ, ಕೊನೆಗೆ ನೆಲಕ್ಕೆ.

"ರೀ, ಅದನ್ನ ಬಿಚ್ಚಿಕೊಡಿ. ನೆಲ ಒರೆಸೋಕೆ ಬಟ್ಟೆ ಇಲ್ಲ."

"ಇನ್ನೂ ಜೀವ ಐತೆ ಕಣೆ ಅದರಲ್ಲಿ."

"ಎಲ್ಲೈತೆ? ಈ ಕಡೆಯಿಂದ ನೋಡಿದ್ರೆ ಆ ಕಡೆ ಕಾಣ್ತದೆ."

ಈ ಶಾಸನಕ್ಕೆ ಹೊರತಾದ ಬಟ್ಟೆ ಮನೆಯಲ್ಲಿ ಒಂದಿತ್ತು. ಹೋದ ವರ್ಷ ಹಳ್ಳಿಮೈಸೂರಿನಲ್ಲಿ ಮಾವ ದೊಡ್ಡಯ್ಯನವರಿಗೆ ಎಪ್ಪತ್ತು ತುಂಬಿದಾಗ, ನೀಲಾಂಬಿಕೆ ಹಾಸನದಲ್ಲಿ ಅವರ ಫೋಟೋವನ್ನು ಇಪ್ಪತ್ತೆರಡು ಟೀ ಶರ್ಟಿನ ಮೇಲೆ ಪ್ರಿಂಟ್ ಹಾಕಿಸಿದ್ದಳು. ವಿಭೂತಿ, ಮೀಸೆ, ಕಿವಿಯ ಕೂದಲು ಸಮೇತ. ಮೇಷ್ಟ್ರು ತಮ್ಮ ಪಾಲಿನದನ್ನು ತೊಟ್ಟು ಊಟಕ್ಕೆ ಕೂತರು. ಹೊಟ್ಟೆ ಮುಂದಕ್ಕೆ ಬಂದಷ್ಟೂ ಮಾವನವರ ಕೆನ್ನೆ ಉಬ್ಬಿತು. ಸಾರು ಚೆಲ್ಲಿತು, ನೇರವಾಗಿ ಮಾವನವರ ಹಣೆಗೆ.

ಒಗೆಯಲು ಹಾಕಿದರೆ ಮೇಷ್ಟ್ರ ತಾಯಿ ಬಸವಲಿಂಗಮ್ಮ ಕೈ ಹಿಂದಕ್ಕೆಳೆದುಕೊಂಡರು. "ಶಿವಶಿವಾ! ಬೀಗ್ರ ಮುಖವ ಎತ್ತಿ ಕಲ್ಲಿಗೆ ಬಡಿಯೋದಾ? ನನ್ ಕೈಲಾಗಾಕಿಲ್ಲ ಕಣಪ್ಪ."

ವಾಷಿಂಗ್ ಮಿಷನ್ನಿಗೆ ನೀಲಾಂಬಿಕೆ ಅಡ್ಡ ನಿಂತಳು. "ಅಪ್ಪಾಜಿಗೆ ಮೊದ್ಲೇ ತಲೆಸುತ್ತು. ಅವ್ರನ್ನ ಅದರೊಳಗೆ ಗಿರಗಿರ ತಿರುಗಿಸ್ತೀರಾ?"

ಕೊನೆಗೆ ಮಾವನವರು ಬೇಸಿನ್ನಿನಲ್ಲಿ ತಣ್ಣಗೆ ಮಿಂದು, ನೆರಳಲ್ಲಿ ಒಣಗಿ, ನುಸಿಗುಳಿಗೆಯ ಜೊತೆ ಬೀರುವಿನಲ್ಲಿ ಮಲಗಿದರು. ಹೊಲಿಗೆ ಬಿಟ್ಟರೂ ಅವರನ್ನು ನೆಲಕ್ಕೆ ಹಾಕುವ ಧೈರ್ಯ ಯಾರಿಗೂ ಬರಲಿಲ್ಲ. ಅದನ್ನು ನೋಡುತ್ತಾ ನೋಡುತ್ತಾ ಮೇಷ್ಟ್ರ ದಣಿದ ತಲೆಗೆ ಒಂದು ಮಹೋಪಾಯ ಹೊಳೆಯಿತು. ಮುಖ ಇದ್ದರೆ ತಾನೇ ಬಟ್ಟೆಗೆ ಮರ್ಯಾದೆ?

ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ, ತಿಳಿನೀಲಿ ಅಂಗಿಯನ್ನೂ ತಮ್ಮದೊಂದು ಹಳೇ ಫೋಟೋವನ್ನೂ ಚೀಲಕ್ಕೆ ಹಾಕಿಕೊಂಡು ಹಾಸನದ ಬಸ್ಸು ಹತ್ತಿದರು. ಪ್ರಿಂಟಿಂಗ್ ಅಂಗಡಿಯ ಕವನಾ ಎಂಬ ಹುಡುಗಿ ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಸಾರ್, ಪ್ರಿಂಟು ಐದು ವರ್ಷ ಇರುತ್ತೆ. ಅಂಗಿ ಐದು ದಿನ ಇದ್ರೆ ಹೆಚ್ಚು."

"ನೀನು ಹಾಕಮ್ಮ. ಅದರ ಆಯಸ್ಸು ನಾನು ನೋಡ್ಕೋತೀನಿ."

ಅವಳು ಅಂಗಿಯ ಬೆನ್ನನ್ನು ಹಲಗೆಯ ಮೇಲೆ ಬಿಗಿಯಾಗಿ ಹಾಸಿ, ಏನೋ ದ್ರಾವಣ ಸಿಂಪಡಿಸಿ, ಒಣಗಿಸಿ, ಮಿಷನ್ನಿನ ಬಾಯಿಗೆ ತಳ್ಳಿದಳು. ಅದು ಅತ್ತಿಂದಿತ್ತ ಓಡಾಡುತ್ತಾ ನೇರವಾಗಿ ಬಟ್ಟೆಯ ಮೇಲೇ ಬಣ್ಣ ಚಿಮುಕಿಸಿತು. ಮೊದಲು ಬೋಳು ನೆತ್ತಿ, ಆಮೇಲೆ ಕನ್ನಡಕ, ಕೊನೆಗೆ ನಗು. ಇಷ್ಟು ನೆಮ್ಮದಿಯಾಗಿ ತಾವು ನಕ್ಕದ್ದು ಯಾವಾಗ ಎಂದು ಮೇಷ್ಟ್ರಿಗೇ ನೆನಪಾಗಲಿಲ್ಲ.

ಭಾನುವಾರ ಬೆಳಿಗ್ಗೆ ಹಿತ್ತಲಲ್ಲಿ ದಬದಬ ಸದ್ದು. ಓಡಿಹೋಗಿ ನೋಡಿದರೆ ಬಸವಲಿಂಗಮ್ಮ ಮಗನ ಮುಖವನ್ನು ತಲೆಯ ಮೇಲಕ್ಕೆತ್ತಿ ಕಲ್ಲಿಗೆ ಅಪ್ಪಳಿಸುತ್ತಿದ್ದಾರೆ.

"ಅವ್ವಾ! ಅದು ನಾನು!"

"ಗೊತ್ತು ಕಣ್ಲಾ. ಚಿಕ್ಕೋನಾಗಿದ್ದಾಗ ಇದೇ ಕಲ್ಲ ಮೇಲೆ ಕೂರಿಸ್ಕಂಡು ಉಜ್ಜಿಲ್ವಾ ನಿನ್ನ? ಹೆತ್ತೋಳಿಗೆ ಯಾರಪ್ಪಣೆ ಬೇಕು?"

ಮುಂದಿನ ಏಟಿಗೆ ಅಂಗಿ ಕಂಕುಳಿಂದ ಕೆಳಗಿನವರೆಗೆ ಪರ್ರೆಂದು ಹರಿಯಿತು. ಮುಖಕ್ಕೆ ಮಾತ್ರ ಏನೂ ಆಗಲಿಲ್ಲ, ನಗುತ್ತಲೇ ಇತ್ತು. ಮೇಷ್ಟ್ರಿಗೆ ನಿಜವಾಗಿಯೂ ಅಳು ಬಂತು.

ಸೋಮವಾರ ಸಂಜೆ ಜಡಿಮಳೆ. ಮೇಷ್ಟ್ರು ನೆನೆದು ಬಂದರೆ ಹೊಸಿಲ ಬಳಿ ಅವರ ಮುಖ ಅಂಗಾತ ಬಿದ್ದಿತ್ತು.

"ನೀಲಾ, ಇದು ನನ್ನ ಮುಖ ಕಣೆ!"

"ಹೂಂ ರೀ. ಆ ಜಾಗ ಒಸಿ ಒರಟು, ಕೆಸರು ಚೆನ್ನಾಗಿ ಬಿಡ್ತದೆ."

"ನಿಮ್ಮಪ್ಪನ್ನ ಮಾತ್ರ ಬೀರುವಿನಲ್ಲಿ ಇಟ್ಟಿದ್ದೀಯ!"

"ಅವ್ರು ಹಿರೀಕರು. ನೀವು ಮನೆಯೋರೇ ಅಲ್ವಾ?"

ಅಷ್ಟರಲ್ಲಿ ಛತ್ರಿ ಮಡಿಸುತ್ತಾ ಸಾಕ್ಷಾತ್ ದೊಡ್ಡಯ್ಯನವರೇ ಬಂದರು. ಕೆಸರುಗಾಲು ಎತ್ತಿದವರು ಕೆಳಗೆ ನೋಡಿ ಹಾಗೇ ನಿಂತುಬಿಟ್ಟರು.

"ಅಯ್ಯಯ್ಯೋ, ಅಳಿಯಂದಿರ ಮುಖ! ಇದನ್ನ ಎಂಗವ್ವಾ ತುಳಿಯಾದು?"

ಪಂಚೆ ಮೇಲೆತ್ತಿಕೊಂಡು, ಮುಖಕ್ಕೊಂದು ಕೈ ಮುಗಿದು, ಅದನ್ನು ದಾಟಿ ದಾಪುಗಾಲಲ್ಲಿ ಒಳಗೆ ನಡೆದರು. ಮೇಷ್ಟ್ರಿಗೆ ಇಷ್ಟು ವರ್ಷದಲ್ಲಿ ತಮಗೂ ಮರ್ಯಾದೆ ಕೊಡುವವರೊಬ್ಬರಿದ್ದಾರೆಂದು ಗೊತ್ತಾದದ್ದು ಅವತ್ತೇ.

"ರೀ," ನಡುಮನೆಯಿಂದ ನೀಲಾಂಬಿಕೆಯ ದನಿ ಬಂತು, "ಅಪ್ಪಾಜಿ ಕಾಲಿನ ಕೆಸರು ಮನೆಯೆಲ್ಲಾ ಆಗೈತೆ. ಅವ್ರು ಜಾರಿ ಬೀಳೋಕ್ಮುಂಚೆ ಒಸಿ ಒರೆಸಿಬುಡಿ."

ಮನೆಯಲ್ಲಿ ಒರೆಸುವ ಬಟ್ಟೆ ಇದ್ದದ್ದು ಒಂದೇ. ಮೇಷ್ಟ್ರು ಬಗ್ಗಿ ತಮ್ಮ ಮುಖವನ್ನು ಎತ್ತಿಕೊಂಡು, ಹೊರಗೆ ಒಮ್ಮೆ ಕೊಡವಿ, ಮಂಡಿಯೂರಿ ಕೂತು ಮಾವನವರ ಹೆಜ್ಜೆಗಳನ್ನು ಒಂದೊಂದಾಗಿ ಒರೆಸತೊಡಗಿದರು. ನೀಲಾಂಬಿಕೆ ಹೇಳಿದ್ದು ಸುಳ್ಳಲ್ಲ. ಮುಖದ ಕಡೆಯಿಂದ ಉಜ್ಜಿದರೆ ಕೆಸರು ಚೆನ್ನಾಗಿಯೇ ಬಿಡುತ್ತಿತ್ತು.