ಕೊನೆಯ ಸೈಕಲ್ಲಿಗೆ ಕಾಯುವವರು

ನೋವನ್ನು ನೋವಿನ ಹಾಗೆಯೇ ನೆನಪಿಟ್ಟುಕೊಳ್ಳುವ ಶಕ್ತಿ ಮನುಷ್ಯನಿಗೆ ಇದ್ದಿದ್ದರೆ, ಒಂದು ಭಾನುವಾರ ದೂರದ ಸೈಕಲ್ ಸವಾರಿಗೆ ಹೋಗಿಬಂದ ಯಾವನೂ ಮುಂದಿನ ಭಾನುವಾರ ಮತ್ತೆ ಹೋಗುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ನಾನು ಸೋಫಾದ ಮೇಲೆ ಬಿದ್ದುಕೊಂಡು, ಇನ್ನು ಈ ಜನ್ಮದಲ್ಲಿ ಆ ಯಂತ್ರವನ್ನು ಮುಟ್ಟುವುದಿಲ್ಲ ಎನ್ನುತ್ತೇನೆ. ಮಂಗಳವಾರದ ಹೊತ್ತಿಗೆ ನೆನಪಿನಲ್ಲಿ ಉಳಿಯುವುದು ಅರಾವಳಿಯ ಅಂಚಿನಲ್ಲಿ ಕಂಡ ಒಂದು ನವಿಲು ಮಾತ್ರ. ಗುರುವಾರ ಆ ನವಿಲು ಗರಿ ಬಿಚ್ಚುತ್ತದೆ. ಶನಿವಾರ ಸಂಜೆ ಟೈರಿಗೆ ಗಾಳಿ ಹೊಡೆಯುವಾಗ, ಕಳೆದ ವಾರ ಏರುದಾರಿಯನ್ನು ನಾನು ಶಿಳ್ಳೆ ಹಾಕುತ್ತಾ ಹತ್ತಿದೆ ಎಂದು ನನಗೇ ಖಾತ್ರಿಯಾಗಿರುತ್ತದೆ. ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸಿ ಹೊಟ್ಟೆ ಹೊರೆಯುವವನು. ಕಣ್ಣಾರೆ ಕಂಡೆ ಎನ್ನುವವರನ್ನು ಸುಲಭಕ್ಕೆ ನಂಬಬೇಡಿ ಎಂದು ಪ್ರತಿವರ್ಷ ಹೊಸ ಮಕ್ಕಳಿಗೆ ಹೇಳುತ್ತೇನೆ. ಹಾಗಾಗಿ ಮುಂದೆ ಬರೆಯುವುದನ್ನು ನೀವು ಸ್ವಲ್ಪ ಅನುಮಾನದಿಂದಲೇ ಓದಿಕೊಳ್ಳುವುದು ಒಳ್ಳೆಯದು. ಕೆಲವು ಕಡೆ ನನಗೇ ಅನುಮಾನವಿದೆ.

ದೆಹಲಿಯಲ್ಲಿ ನಡುವಯಸ್ಸು ಬಂದದ್ದು ತಿಳಿಯುವುದು ಹೀಗೆ: ಮೊದಲು ಡಾಕ್ಟರು ನಡೆಯಿರಿ ಎನ್ನುತ್ತಾರೆ, ನಡೆಯುವುದು ನಮ್ಮ ಅಂತಸ್ತಿಗೆ ಸಾಲದು ಎಂದು ನಮಗೆ ಅನಿಸುತ್ತದೆ, ನಾವು ಸೈಕಲ್ ಕೊಳ್ಳುತ್ತೇವೆ. ಚಿಕ್ಕವನಿದ್ದಾಗ ಸೈಕಲ್ ಎಂದರೆ ಅದಕ್ಕೆ ಕ್ಯಾರಿಯರ್, ಸ್ಟ್ಯಾಂಡ್, ಮಡ್‌ಗಾರ್ಡ್, ಬೆಲ್ಲು ಎಲ್ಲವೂ ಇರುತ್ತಿದ್ದವು. ಈಗಿನ ಸೈಕಲ್ಲಿನಲ್ಲಿ ಇವು ಯಾವುವೂ ಇಲ್ಲ. ಇಲ್ಲದಿರುವುದಕ್ಕಾಗಿಯೇ ಅದರ ಬೆಲೆ ಹೆಚ್ಚು. ನನ್ನದು ನಮ್ಮ ಮಲಗುವ ಕೋಣೆಯಲ್ಲಿ, ಬೀರುವಿಗೆ ಒರಗಿಕೊಂಡು ನಿಂತಿರುತ್ತದೆ. ಹೆಂಡತಿ ಸುಜಾತಾಳಿಗೆ ಸೀರೆ ಬೇಕಾದಾಗಲೆಲ್ಲ ಅದನ್ನು ಎತ್ತಿ ಪಕ್ಕಕ್ಕಿಡಬೇಕು. "ಒಂದೇ ಕೈಯಲ್ಲಿ ಎತ್ತಬಹುದು, ಅಷ್ಟು ಹಗುರ" ಎಂದು ನಾನು ಹೆಮ್ಮೆಯಿಂದ ಹೇಳಿದ್ದೆ. "ಹಗುರ ಆಗಬೇಕಾದ್ದು ಸೈಕಲ್ ಅಲ್ಲ ರೀ" ಎಂದಳು. ಹಿಂಬದಿಗೆ ದಪ್ಪನೆಯ ಮೆತ್ತೆ ಹೊಲಿದ ಬಿಗಿ ಚಡ್ಡಿಯನ್ನು ಮೊದಲ ಸಲ ಹಾಕಿಕೊಂಡು ಹೊರಬಂದಾಗ ಅವಳು ಕಿಟಕಿಯ ಪರದೆ ಎಳೆದಳು.

ನಮ್ಮ ತಂಡ ಭಾನುವಾರ ಬೆಳಕು ಹರಿಯುವ ಮುನ್ನ ಹೌಜ್ ಖಾಸ್‌ನಲ್ಲಿ ಸೇರುತ್ತದೆ. ಚಳಿಗಾಲದಲ್ಲಿ ಊರಿಡೀ ಹೊಗೆ ಕವಿದು, ಮಕ್ಕಳನ್ನು ಹೊರಗೆ ಬಿಡಬೇಡಿ ಎಂದು ಸರ್ಕಾರ ಸಾರುತ್ತಿರುವಾಗ, ನಾವು ಶ್ವಾಸಕೋಶ ಬಲಪಡಿಸಿಕೊಳ್ಳಲೆಂದು ಮಾಸ್ಕ್ ಹಾಕಿಕೊಂಡು ಹೊರಡುತ್ತೇವೆ. ನಾಯಕರು ಖನ್ನಾ ಸಾಹೇಬರು. ಫರೀದಾಬಾದಿನಲ್ಲಿ ಅವರದೊಂದು ಬೋಲ್ಟು ನಟ್ಟಿನ ಕಾರ್ಖಾನೆ ಇದೆ. ನಮ್ಮನ್ನೂ ಹಾಗೆಯೇ ಬಿಗಿಮಾಡಲು ನೋಡುತ್ತಾರೆ. ಹಲ್ಲಿನ ಡಾಕ್ಟರು ಮಿಸೆಸ್ ಸೆಹಗಲ್ ಇದ್ದಾರೆ. ಗದಗಿನ ಕಡೆಯ ನದಾಫ್ ಇದ್ದಾರೆ, ಎಂಜಿನಿಯರಿಂಗ್ ಸಂಸ್ಥೆಯಲ್ಲಿ ಪ್ರೊಫೆಸರು. ಲೋಹ ಎಷ್ಟು ಎಳೆದರೆ ತುಂಡಾಗುತ್ತದೆ ಎನ್ನುವುದು ಅವರ ಸಂಶೋಧನೆಯ ವಿಷಯ. ಇನ್ನು ಕೆಲವರು ಬರುತ್ತಾರೆ, ಹೋಗುತ್ತಾರೆ. ಗುರುಗ್ರಾಮದ ಗಾಜಿನ ಕಟ್ಟಡಗಳನ್ನು ದಾಟಿ ಸೋಹ್ನಾ ಗುಡ್ಡದವರೆಗೆ ಹೋಗಿ, ಅಲ್ಲಿನ ಢಾಬಾದಲ್ಲಿ ಬೆಣ್ಣೆ ಹಾಕಿದ ಪರಾಠಾ ತಿಂದು, ಕರಗಿಸಿದ್ದಕ್ಕಿಂತ ಹೆಚ್ಚನ್ನು ತುಂಬಿಕೊಂಡು ಬರುವುದು ನಮ್ಮ ವಾರದ ವ್ರತ.

ತಂಡಕ್ಕೊಂದು ನಿಯಮವಿದೆ. ಅದನ್ನು ಎಲ್ಲರ ಜೆರ್ಸಿಯ ಬೆನ್ನ ಮೇಲೆ ದೊಡ್ಡದಾಗಿ ಅಚ್ಚು ಹಾಕಿಸಲಾಗಿದೆ: ಯಾರನ್ನೂ ಹಿಂದೆ ಬಿಡುವುದಿಲ್ಲ. ಈ ವಾಕ್ಯವನ್ನು ನನ್ನಷ್ಟು ಸಲ ಓದಿದವರು ಯಾರೂ ಇಲ್ಲ. ಏಕೆಂದರೆ ನಾನು ಯಾವಾಗಲೂ ಎಲ್ಲರ ಬೆನ್ನ ಹಿಂದೆಯೇ ಇರುತ್ತಿದ್ದೆ. ಆ ಅಕ್ಷರಗಳು ಮೆಲ್ಲಮೆಲ್ಲನೆ ಸಣ್ಣದಾಗಿ, ಕೊನೆಗೆ ಹೊಗೆಯಲ್ಲಿ ಕರಗುವವರೆಗೂ ಓದುತ್ತಿದ್ದೆ. ಅವರು ಮಾತಿಗೆ ತಪ್ಪಿದವರಲ್ಲ. ಮೇಲ್ಸೇತುವೆ ಇಳಿದ ಮೇಲೆ, ಪೆಟ್ರೋಲ್ ಬಂಕಿನ ಹತ್ತಿರ, ಬೇವಿನ ಮರದ ಕೆಳಗಿನ ಚಹಾ ಅಂಗಡಿಯಲ್ಲಿ, ಎಲ್ಲ ಕಡೆಯೂ ನಿಂತು ನನಗಾಗಿ ಕಾಯುತ್ತಿದ್ದರು. ನಾನು ಏದುಸಿರು ಬಿಡುತ್ತಾ ಬಂದು ತಲುಪುವಾಗ ಅವರು ಚಹಾ ಮುಗಿಸಿ, ಫೋಟೊ ತೆಗೆದುಕೊಂಡು, ಬೆವರು ಆರಿಸಿಕೊಂಡು, ಲೋಕಾಭಿರಾಮ ಮಾತಾಡುತ್ತಿರುತ್ತಿದ್ದರು. "ಅರೆ, ಮೂರ್ತಿ ಸಾಹಬ್ ಆ ಗಯೇ! ಚಲೋ ಚಲೋ!" ಎಂದು ಖನ್ನಾ ಸಾಹೇಬರು ಚಪ್ಪಾಳೆ ತಟ್ಟುವುದೇ ತಡ, ಎಲ್ಲರೂ ಹೊರಟುಬಿಡುತ್ತಿದ್ದರು. ನಾನು ಪೆಡಲಿನಿಂದ ತೆಗೆದ ಕಾಲು ನೆಲ ಮುಟ್ಟುತ್ತಿತ್ತೋ ಇಲ್ಲವೋ, ಮತ್ತೆ ತುಳಿಯಬೇಕು. ತಂಡದಲ್ಲಿ ಎಲ್ಲರಿಗಿಂತ ಅಶಕ್ತನಾದವನು ನಾನು, ಎಲ್ಲರಿಗಿಂತ ಕಡಿಮೆ ವಿಶ್ರಾಂತಿ ಸಿಗುತ್ತಿದ್ದುದೂ ನನಗೇ. ಆದರೂ ಅವರ ಔದಾರ್ಯ ನೆನೆದು ನನ್ನ ಕಣ್ಣು ತುಂಬಿಬರುತ್ತಿತ್ತು. ಹೊಗೆಯ ಕಾರಣವೂ ಇರಬಹುದು.

ಚಳಿ ಕಡಿಮೆಯಾಗುವ ಹೊತ್ತಿಗೆ ಆಗ್ರಾಕ್ಕೆ ಹೋಗುವುದೆಂದು ತೀರ್ಮಾನವಾಯಿತು. ನಡುವೆ ಒಂದು ರಾತ್ರಿ ಮಥುರಾದಲ್ಲಿ ತಂಗಿ, ಮರುದಿನ ಆಗ್ರಾ. ನಾನು ಅಷ್ಟರಲ್ಲಿ ಇದನ್ನು ಸ್ಟಾಫ್ ರೂಮಿನಲ್ಲಿ ಹೇಳಿಯಾಗಿತ್ತು. ತುಮಕೂರಿನ ಅಕ್ಕನಿಗೆ ಹೇಳಿಯಾಗಿತ್ತು. ಅಕ್ಕ ಅದನ್ನು ನೆಂಟರಿಗೆಲ್ಲ ಹೇಳಿ, ಅವರ ಪೈಕಿ ಒಬ್ಬರು ನನ್ನ ತಲೆ ಸರಿಯಿದೆಯೇ ಎಂದು ಸುಜಾತಾಳನ್ನು ವಿಚಾರಿಸಿಯೂ ಆಗಿತ್ತು. ಹೀಗಿರುವಾಗ ಒಂದು ಭಾನುವಾರ ಪರಾಠಾ ತಿನ್ನುತ್ತಾ ಖನ್ನಾ ಸಾಹೇಬರು ನನ್ನ ಹೆಗಲ ಮೇಲೆ ಕೈಯಿಟ್ಟು, "ಮೂರ್ತಿ ಸಾಹಬ್, ಆಪ್ ಟೆನ್ಷನ್ ಮತ್ ಲೋ. ನಮ್ಮ ಹಿಂದೆ ಒಂದು ಗಾಡಿ ಬರುತ್ತದಲ್ಲ, ನೀವು ಅದರಲ್ಲಿ ಆರಾಮ್ ಸೇ ಬನ್ನಿ. ಬಾಳೆಹಣ್ಣು, ನೀರು, ಎಲ್ಲಾ ನಿಮ್ಮ ಜವಾಬ್ದಾರಿ" ಎಂದು ಹಿಂದಿಯಲ್ಲಿ ಅಪ್ಪಣೆ ಕೊಡಿಸಿದರು. ಎಲ್ಲರೂ ಪ್ರೀತಿಯಿಂದ ತಲೆಯಾಡಿಸಿದರು. ಆಗ್ರಾಕ್ಕೆ ಹೇಗೆ ಹೋಗಿದ್ದಿರಿ ಎಂದು ಯಾರಾದರೂ ಕೇಳಿದರೆ ಬಾಳೆಹಣ್ಣುಗಳ ಜೊತೆ ಹೋಗಿದ್ದೆ ಎನ್ನಬೇಕೆ? ಆ ಪರಾಠಾ ನನ್ನ ಗಂಟಲಲ್ಲಿ ಇಳಿಯಲಿಲ್ಲ ಎಂದು ನೆನಪು. ಸುಜಾತಾಳ ಪ್ರಕಾರ ನಾನು ಅವತ್ತು ಎರಡು ಕಟ್ಟಿಸಿಕೊಂಡೂ ಬಂದಿದ್ದೆ.

ಅವತ್ತಿನಿಂದ ನನ್ನ ತಪಸ್ಸು ಶುರುವಾಯಿತು. ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಪಾರ್ಕಿಂಗಿಗೆ ಇಳಿಯಲು ಒಂದು ಕಡಿದಾದ ಇಳಿಜಾರಿದೆ. ಕಾಲೇಜಿನಿಂದ ಬಂದವನೇ ಅದನ್ನು ಇಳಿಯುವುದು, ಕಾರುಗಳ ನಡುವೆ ಒಂದು ಸುತ್ತು ಹೊಡೆಯುವುದು, ಮತ್ತೆ ಹತ್ತುವುದು. ಎರಡನೇ ಮಹಡಿಯ ಆಂಟಿ ಕೆಲವು ದಿನ ನೋಡಿ, ಕೊನೆಗೆ ತಡೆಯಲಾರದೆ, "ಭಾಯಿ ಸಾಹಬ್, ಕುಛ್ ಖೋ ಗಯಾ ಕ್ಯಾ?" ಎಂದು ಕೇಳಿದರು. ಏನಾದರೂ ಕಳೆದುಕೊಂಡಿದ್ದರೆ ಹುಡುಕಲು ತಾವೂ ಟಾರ್ಚ್ ತರುವುದಾಗಿ ಹೇಳಿದರು. ಮಗಳು ಮೇಘನಾ ಮಾತ್ರ ಎದುರಿಗೇ ಬಂದು ನಿಂತಳು. "ಅಪ್ಪಾ, ಪ್ಲೀಸ್ ಯಾರ್! ನೀವು ಗೋಲ್ ಗೋಲ್ ತಿರುಗ್ತಿರೋದನ್ನ ನನ್ನ ಫ್ರೆಂಡ್ಸ್ ಎಲ್ಲಾ ದೇಖ್ ರಹೇ ಹೈಂ. ಇಟ್ಸ್ ಸೋ ಎಂಬರಾಸಿಂಗ್!"

"ಆಗ್ರಾಕ್ಕೆ ಹೋಗೋಕೆ ಅಭ್ಯಾಸ ಮಾಡ್ತಿದೀನಿ ಪುಟ್ಟಾ."

"ಆಗ್ರಾ ಬೇಸ್‌ಮೆಂಟಲ್ಲಿ ಇಲ್ಲ ಅಪ್ಪಾ" ಎಂದು ಹೇಳಿ ಲಿಫ್ಟ್ ಹತ್ತಿದಳು.

ಯಾವುದಕ್ಕೂ ಜಗ್ಗಲಿಲ್ಲ. ಬೆಣ್ಣೆ ಬಿಟ್ಟೆ, ಸ್ಟಾಫ್ ರೂಮಿನ ಸಮೋಸಾ ಬಿಟ್ಟೆ, ಪರೀಕ್ಷಾ ಮೇಲ್ವಿಚಾರಣೆಯಲ್ಲಿ ಕುರ್ಚಿ ಬಿಟ್ಟು ನಿಂತೇ ಇದ್ದೆ. ಕೆಲವು ವಾರಗಳಲ್ಲಿ ನನ್ನ ಕಾಲುಗಳಿಗೆ ಏನೋ ಆಯಿತು. ಒಂದು ಭಾನುವಾರ ಗುರುಗ್ರಾಮ ದಾಟುವಾಗ ಬೆನ್ನ ಮೇಲಿನ ಅಕ್ಷರಗಳು ಸಣ್ಣದಾಗುತ್ತಲೇ ಇಲ್ಲ ಎನ್ನುವುದನ್ನು ಗಮನಿಸಿದೆ. ಖನ್ನಾ ಸಾಹೇಬರು ತಿರುಗಿ ನೋಡಿದರು. ಹಿಂದೆಯೇ ನಾನಿದ್ದೆ. ಮುಗುಳ್ನಕ್ಕೆ. ಅವರು ಜೋರಾಗಿ ತುಳಿದರು, ನಾನೂ ತುಳಿದೆ. ಮೇಲ್ಸೇತುವೆ ಬಂತು, ಯಾರೂ ನಿಲ್ಲಲಿಲ್ಲ. ಕಾಯುವುದಕ್ಕೆ ಯಾರಿದ್ದಾರೆ? ಪೆಟ್ರೋಲ್ ಬಂಕ್ ಹೋಯಿತು. ಬೇವಿನ ಮರದ ಚಹಾ ಅಂಗಡಿಯವನು ನಮ್ಮನ್ನು ನೋಡಿ ಪಾತ್ರೆಗೆ ಹಾಲು ಸುರಿದ. ನಾವು ದಾಟಿ ಹೋದದ್ದನ್ನು ನೋಡಿ ಅವನು ಕೈಯಾಡಿಸಿ ಏನೋ ಕೂಗಿದ. ಮಿಸೆಸ್ ಸೆಹಗಲ್ ಖಾಲಿ ಬಾಟಲಿಯನ್ನು ಬಾಯಿಗೆ ಬಗ್ಗಿಸಿ ಅಲುಗಾಡಿಸುತ್ತಿದ್ದರು. ನದಾಫರು ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಮೊಣಕಾಲು ಹಿಡಿದಿದ್ದರು. ನನಗೆ ದಣಿವಾಗಿದೆ, ನಿಲ್ಲೋಣ ಎಂದು ಒಬ್ಬರು ಬಾಯಿಬಿಟ್ಟಿದ್ದರೆ ಸಾಕಿತ್ತು. ಆದರೆ ಇಷ್ಟು ವರ್ಷ ಆ ಮಾತನ್ನು ಹೇಳುವ ಅಗತ್ಯ ಬಿದ್ದಿರಲಿಲ್ಲವಾದ್ದರಿಂದ ಅದನ್ನು ಹೇಳುವ ಅಭ್ಯಾಸ ಯಾರಿಗೂ ಇರಲಿಲ್ಲ. ಗುಡ್ಡ ಹತ್ತಿ ಢಾಬಾ ತಲುಪಿದಾಗ ಎಲ್ಲರೂ ಹಗ್ಗದ ಮಂಚಗಳ ಮೇಲೆ ಬಟ್ಟೆ ಒಣಹಾಕಿದಂತೆ ಬಿದ್ದುಕೊಂಡರು. ಜೋಕಿಲ್ಲ, ಫೋಟೊ ಇಲ್ಲ. ಖನ್ನಾ ಸಾಹೇಬರು ಪರಾಠಾವನ್ನು ಬೇಡವೆಂದು ಪಕ್ಕಕ್ಕೆ ತಳ್ಳಿದ್ದನ್ನು ನಾನು ಮೊದಲ ಬಾರಿಗೆ ನೋಡಿದೆ. ಅಭಿನಂದನೆಗೆ ಕಾದೆ. ಯಾರೂ ನನ್ನ ಕಡೆ ನೋಡಲಿಲ್ಲ.

ಮುಂದಿನ ಭಾನುವಾರ ಹೌಜ್ ಖಾಸ್‌ಗೆ ಬಂದವನು ನಾನೊಬ್ಬನೇ. ಖನ್ನಾ ಸಾಹೇಬರಿಗೆ ನೆಗಡಿ, ಮಿಸೆಸ್ ಸೆಹಗಲ್ ಅವರ ಅತ್ತೆ ಬಂದಿದ್ದಾರೆ, ನದಾಫರ ಸೈಕಲ್ಲಿನ ಗೇರು ಕೆಟ್ಟಿದೆ. ಅದರ ಮುಂದಿನ ವಾರ ನೆಗಡಿ ಮಿಸೆಸ್ ಸೆಹಗಲ್‌ರಿಗೆ, ಅತ್ತೆ ಖನ್ನಾ ಸಾಹೇಬರಿಗೆ. ಆಗ್ರಾದ ಮಾತು ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ನಿಂತೇಹೋಯಿತು. ನಾನು ಎರಡು ಸಲ ಕೇಳಿದೆ. ಎಲ್ಲರೂ ಕೈಮುಗಿಯುವ ಚಿತ್ರ ಕಳಿಸಿದರು. ಮೂರನೇ ವಾರ ನದಾಫರು ಮನೆಗೇ ಬಂದರು. ಸುಜಾತ ಉಪ್ಪಿಟ್ಟು ಕೊಟ್ಟಳು. ಅವರು ಅದನ್ನು ಚಮಚದಲ್ಲಿ ಅತ್ತಿತ್ತ ದೂಡುತ್ತಾ ಬಹಳ ಹೊತ್ತು ಹವಾಮಾನದ ಬಗ್ಗೆ ಮಾತಾಡಿದರು.

"ಮೂರ್ತಿ ಸರ, ಒಂದ್ ಮಾತ್ ಹೇಳ್ತೀನ್ರಿ. ಸಿಟ್ಟಿಗೇಳಬ್ಯಾಡ್ರಿ."

"ಹೇಳಿ ಸಾರ್."

"ನೀವ್ ಹಿಂದ ಇದ್ರ ನಾವ್ ಎಲ್ಲೆರೆ ಕುಂದರ್ತಿದ್ವಿ. ನೀವ್ ಮುಂದ ಬಂದ್ರ ನಾವ್ ಎಲ್ಲಿ ಕುಂದರೂದ್ರಿ? ಅವತ್ತು ಖನ್ನಾ ಸಾಹೇಬ್ರು ಮನಿಗೆ ಹೋಗಿ ಮಲಗಿದವ್ರು ಮಂಗಳವಾರ ಎದ್ದಾರ. ನನ್ನ ಮೊಣಕಾಲ್ ನೋಡ್ರಿ ಇಲ್ಲಿ, ಕುಂಬಳಕಾಯಿ ಆಗೇತಿ."

ನಾನು ಮೊಣಕಾಲು ನೋಡಿದೆ. "ಅಂದ್ರೆ ಇಷ್ಟು ದಿನ ನೀವು ನಿಂತಿದ್ದು ನನಗೋಸ್ಕರ ಅಲ್ಲವಾ?"

"ಛೇ ಛೇ, ಹಂಗ್ಯಾಕಂತೀರಿ! ನಿಮಗೋಸ್ಕರನ ನಿಂತಿದ್ವಿ. ನಿಮ್ಮ ಸಲುವಾಗಿ ಅಂದ್ರ ನಿಲ್ಲಾಕ ಮರ್ಯಾದಿ ಇರ್ತಿತ್ತು."

ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದಾಯಿತು. ಸುಜಾತ ನಗು ತಡೆಯಲು ಹೋಗಿ ಪಾತ್ರೆ ಕೆಡವಿದ್ದಳು. ನಾನು ಗಂಭೀರವಾಗಿ ಕೇಳಿದೆ: "ಆಗ್ರಾ?"

"ನೀವ್ ಹಿಂದ ಇರ್ತೀನಿ ಅಂತ ಮಾತ್ ಕೊಟ್ರ ಹೋಗೂಣು ಅಂದಾರ ಸಾಹೇಬ್ರು. ಇಲ್ಲಾಂದ್ರ ಇಲ್ಲ."

"ಬಾಳೆಹಣ್ಣಿನ ಕಾರು?"

"ಬಾಳೆಹಣ್ಣು ಕಾರಿನ್ಯಾಗ ಬರ್ತಾವು. ನೀವ್ ಸೈಕಲ್ ಮ್ಯಾಲೇ ಬರ್ರಿ. ನಿಮ್ಮನ್ನ ಕಾರಿಗೆ ಹಾಕ್ತೀನಿ ಅಂದಿದ್ದು ಸಾಹೇಬ್ರ ತಪ್ಪು ಅಂತ ಅವ್ರಿಗೇ ಈಗ ತಿಳದೈತಿ. ಆದ್ರ ಸರ, ಹಿಂದ!"

ಇತಿಹಾಸದಲ್ಲಿ ಎಷ್ಟೋ ರಾಜರು ಕಪ್ಪ ಕೊಟ್ಟು ಸಿಂಹಾಸನ ಉಳಿಸಿಕೊಂಡಿದ್ದಾರೆ. ನಾನು ನನ್ನ ಬೆವರಿನ ಫಲವನ್ನೆಲ್ಲ ಕಪ್ಪವಾಗಿ ಒಪ್ಪಿಸಿ ಆಗ್ರಾದ ಹಕ್ಕನ್ನು ಉಳಿಸಿಕೊಂಡೆ. ನದಾಫರು ಹೋದ ಮೇಲೆ ಸುಜಾತ, "ಪರವಾಗಿಲ್ಲ ಬಿಡಿ, ಯಾವ ಕೆಲಸದಲ್ಲೂ ನಿಮ್ಮನ್ನ ಇಷ್ಟು ಅನಿವಾರ್ಯ ಅಂತ ಯಾರೂ ಅಂದಿರಲಿಲ್ಲ" ಎಂದು ಸಮಾಧಾನ ಹೇಳಿದಳು.

ಹೊರಟ ದಿನ ಪಲ್ವಲ್ ತಲುಪುವವರೆಗೆ ನನ್ನ ಕರ್ತವ್ಯಪಾಲನೆಗೆ ಎಣೆಯಿರಲಿಲ್ಲ. ಕಾಲುಗಳು ಮುಂದಕ್ಕೆ ಎಳೆಯುತ್ತಿದ್ದರೂ ಲಗಾಮು ಹಿಡಿದೆ. ಹಾದಿ ಬದಿಯ ಮೋರಿಯ ಕಟ್ಟೆ ಕಂಡಲ್ಲಿ ಇಳಿದು ಕೂತು, ಹಳದಿ ಸಾಸಿವೆ ಹೊಲ ನೋಡುತ್ತಾ ಕಡಲೆ ಜಗಿದೆ. ಅವರು ಮುಂದೆಲ್ಲೋ ನನಗಾಗಿ ಕೂತಿದ್ದರು, ನಾನು ಅವರಿಗಾಗಿ ಹಿಂದೆ ಕೂತಿದ್ದೆ. ಅವರು ಸಾಕಷ್ಟು ದಣಿವಾರಿಸಿಕೊಂಡಿರಬಹುದು ಎನಿಸಿದ ಮೇಲೆ ಹೊರಟು, ಅವರು ಕಣ್ಣಿಗೆ ಬಿದ್ದೊಡನೆ ಭುಜ ಜೋತುಹಾಕಿ, ಬಾಯಿ ತೆರೆದು, ಏದುಸಿರು ಬಿಡುತ್ತಾ ತಲುಪುತ್ತಿದ್ದೆ. ಚಪ್ಪಾಳೆ ಬೀಳುತ್ತಿತ್ತು. ಮಿಸೆಸ್ ಸೆಹಗಲ್ ಗ್ಲುಕೋಸ್ ಕೊಡುತ್ತಿದ್ದರು. ನದಾಫರು ಮಾತ್ರ ಕಣ್ಣು ಮಿಟುಕಿಸುತ್ತಿದ್ದರು. ಇಷ್ಟು ಸುಖವಾಗಿ ನಾನು ಹಿಂದೆಂದೂ ಸೋತಿರಲಿಲ್ಲ.

ಪಲ್ವಲ್ ದಾಟಿದ ಮೇಲೆ ಎದುರುಗಾಳಿ ಶುರುವಾಯಿತು. ಲಾರಿಗಳು ಮುಖಕ್ಕೆ ಮಣ್ಣೆರಚಿಕೊಂಡು ಹೋಗುತ್ತಿದ್ದವು. ಮೆತ್ತೆಯ ಚಡ್ಡಿ ಮೆತ್ತೆಯ ಗುಣವನ್ನು ಕಳೆದುಕೊಂಡಿತ್ತು. ಎಲ್ಲಿಯವರೆಗೆ ನಾನು ಬೇಕೆಂದೇ ನಿಧಾನವಾಗಿ ಹೋಗುತ್ತಿದ್ದೆ, ಎಲ್ಲಿಂದ ನನಗೆ ನಿಧಾನವಾಗಿ ಮಾತ್ರ ಹೋಗಲು ಆಗುತ್ತಿತ್ತು ಎನ್ನುವ ಗಡಿಯನ್ನು ನಾನು ಎಷ್ಟು ಯೋಚಿಸಿದರೂ ಗುರುತಿಸಲಾರೆ. ಕಟ್ಟೆ ಕಂಡರೂ ಇಳಿಯಲಿಲ್ಲ. ಇಳಿದರೆ ಮತ್ತೆ ಹತ್ತಲಾರೆ ಎನ್ನುವ ಭಯ. ಬಾಳೆಹಣ್ಣಿನ ಕಾರು ಹಿಂದೆಯೇ ಬರುತ್ತಿತ್ತು, ಅದರ ಡ್ರೈವರ್ ಮರ್ಯಾದೆಯಿಂದ ಬಾಗಿಲನ್ನು ಒಂದಿಷ್ಟು ತೆರೆದು ತೋರಿಸಿದ. ನಾನು ಬೇಡವೆಂದು ತಲೆ ಅಲ್ಲಾಡಿಸಿದೆ. ಅಲ್ಲಾಡಿಸಿದ್ದೆನೆಂದೇ ನಂಬಿದ್ದೇನೆ, ರಸ್ತೆಯ ಗುಂಡಿಯೂ ಅಲ್ಲಾಡಿಸಿರಬಹುದು. ಮಥುರಾ ಹತ್ತಿರ ಬಂದಾಗ ಹೊತ್ತು ಇಳಿಯುತ್ತಿತ್ತು. ತಂಡದವರೆಲ್ಲ ಒಂದು ಢಾಬಾದ ಅಂಗಳದಲ್ಲಿ ಮಂಚ ಹಾಕಿಸಿಕೊಂಡು, ಒಬ್ಬರು ಒಂದು ನಿದ್ದೆಯನ್ನೇ ಮುಗಿಸಿ, ತಾಜಾ ಆಗಿ ಕೂತಿದ್ದರು. ನಾನು ಸೈಕಲ್ಲಿನಿಂದ ಇಳಿಯಲಿಲ್ಲ. ಸೈಕಲ್ ನಿಂತಿತು, ನಾನು ಪಕ್ಕಕ್ಕೆ ವಾಲಿದೆ, ನದಾಫರು ಹಿಡಿದುಕೊಂಡರು.

ಖನ್ನಾ ಸಾಹೇಬರು ಎದ್ದು ಬಂದು ನನ್ನನ್ನು ಅಪ್ಪಿಕೊಂಡರು. ಅವರ ಕಣ್ಣಲ್ಲಿ ಕೃತಜ್ಞತೆ ತುಳುಕುತ್ತಿತ್ತು. ಯಾರಿಗೂ ಕೇಳಿಸದಂತೆ ನನ್ನ ಕಿವಿಯಲ್ಲಿ, "ವಾಹ್ ಮೂರ್ತಿ ಸಾಹಬ್, ವಾಹ್! ಕ್ಯಾ ಆ್ಯಕ್ಟಿಂಗ್ ಕೀ ಹೈ! ಕೊನೆಯಲ್ಲಿ ಬೀಳೋದು ಸ್ವಲ್ಪ ಓವರ್ ಆಯ್ತು, ಬಾಕಿ ಫಸ್ಟ್ ಕ್ಲಾಸ್" ಎಂದರು. ಆಗ ನಿಜ ಹೇಳಲು ನನಗೆ ಉಸಿರಿರಲಿಲ್ಲ. ಆಮೇಲೆ ಉಸಿರು ಬಂತು, ಅಷ್ಟರಲ್ಲಿ ಅಭಿನಯದ ಬಗ್ಗೆ ಇನ್ನೂ ಮೂವರು ಹೀಗೆಯೇ ಕಿವಿಯಲ್ಲಿ ಹೊಗಳಿದ್ದರು. ನಾನು ಎದೆಯ ಮೇಲೆ ಕೈಯಿಟ್ಟು, ನೋಯುತ್ತಿದ್ದ ಸೊಂಟ ಎಷ್ಟು ಬಿಡುತ್ತದೋ ಅಷ್ಟು ಬಾಗಿ ವಂದಿಸಿದೆ.