ಈ ಸಾಲಿಗೆ ಎಕ್ಸ್‌ನ ಬೆಲೆ ನಾಲ್ಕು

ಈ ಸಾಲಿನ ಬೀಜಗಣಿತದ ಅಂತಿಮ ಪರೀಕ್ಷೆಗೆ ಅನ್ವಯವಾಗುವಂತೆ ಎಕ್ಸ್‌ನ ಬೆಲೆಯನ್ನು ನಾಲ್ಕು ಎಂದು ನಿಗದಿಪಡಿಸಿ ನಮ್ಮ ಕಾಲೇಜು ಆದೇಶ ಹೊರಡಿಸಿರುವುದು ಸರ್ವರಿಗೂ ತಿಳಿದ ವಿಷಯ. ತಿಳಿಯದವರು ಇದ್ದರೆ ತಪ್ಪು ಅವರದು. ಆದೇಶವನ್ನು ಸೂಚನಾ ಫಲಕಕ್ಕೆ ನಾನೇ ಎದುರು ನಿಂತು ಹಚ್ಚಿಸಿದ್ದೇನೆ. ನಾನು ಈ ಕಾಲೇಜಿನ ಕಚೇರಿ ಅಧೀಕ್ಷಕ. ಪರೀಕ್ಷಾ ಸಿದ್ಧತಾ ಸಮಿತಿಗೆ ಕಾರ್ಯದರ್ಶಿಯೂ ಹೌದು. ಹೊರಗಿನವರು ಈ ಕುರಿತು ಬಾಯಿಗೆ ಬಂದಂತೆ ಮಾತಾಡುತ್ತಿರುವುದರಿಂದ ನಡೆದದ್ದನ್ನು ನಡೆದ ಹಾಗೆ ತಿಳಿಸುವುದು ನನ್ನ ಕರ್ತವ್ಯ.

ಹೋದ ವರ್ಷ ಬೀಜಗಣಿತದಲ್ಲಿ ಅರ್ಧಕ್ಕರ್ಧ ಹುಡುಗರು ಮಕಾಡೆ ಮಲಗಿದ್ದರು. ಆಡಳಿತ ಮಂಡಳಿಯ ಅಧ್ಯಕ್ಷರು ಸಿಮೆಂಟ್ ವ್ಯಾಪಾರಿಗಳು, ಗಟ್ಟಿ ಮನುಷ್ಯ. "ಈ ಸಲ ಸಿದ್ಧತೆ ಜೋರಾಗಿರ್ಬೇಕು," ಎಂದು ಅಪ್ಪಣೆ ಕೊಡಿಸಿದರು. ಅದರಂತೆ ಸಮಿತಿ ರಚನೆಯಾಯಿತು. ಬೆಂಚುಗಳಿಗೆ ಹೊಸ ಬಣ್ಣ, ಪರೀಕ್ಷಾ ಕೊಠಡಿಗೆ ಹೊಸ ಗಂಟೆ, ಗೋಡೆಗೆ ಹೊಸ ಗಡಿಯಾರ ಮಂಜೂರಾದವು. ಬಣ್ಣದ ಉಸ್ತುವಾರಿಯನ್ನು ಬೀಜಗಣಿತದ ಮೇಷ್ಟ್ರಿಗೇ ವಹಿಸಲಾಯಿತು, ಏಕೆಂದರೆ ಪರೀಕ್ಷೆ ಅವರ ವಿಷಯದ್ದು. ಬಣ್ಣ ಒಣಗುವವರೆಗೆ ತರಗತಿ ನಡೆಸುವಂತಿರಲಿಲ್ಲ. ಒಂದು ಬಳಿದು ಒಣಗುವಷ್ಟರಲ್ಲಿ ಅಧ್ಯಕ್ಷರಿಗೆ ಆ ಬಣ್ಣ ಬೇಸರವಾಗುತ್ತಿತ್ತು. ಹೀಗೆ ಇಡೀ ಅವಧಿ ಸಿದ್ಧತೆಯಲ್ಲೇ ಕಳೆದು, ಪಾಠ ಎಂಬ ಅಡಚಣೆ ಎಲ್ಲೂ ಎದುರಾಗಲಿಲ್ಲ.

ಇಷ್ಟು ಮಾಡಿದರೂ ವಿದ್ಯಾರ್ಥಿಗಳ ಮುಖದಲ್ಲಿ ಕಳೆ ಇರಲಿಲ್ಲ. ಕೃತಜ್ಞತೆ ಇಲ್ಲದ ತಲೆಮಾರು. ಕಾರಣ ಕೇಳಲು ಪ್ರಾಂಶುಪಾಲರು ಸಭೆ ಕರೆದರು.

"ಎಕ್ಸ್ ಎಷ್ಟು ಅಂತ ಗೊತ್ತಿಲ್ಲ ಸಾರ್, ಅದಕ್ಕೆ ಭಯ," ಎಂದರು ಮೇಷ್ಟ್ರು. ಅವರ ತೋಳಿಗೆ ಹಸಿರು ಬಣ್ಣ ಅಂಟಿತ್ತು.

"ಗೊತ್ತಿಲ್ಲ ಅಂದ್ರೇನ್ರೀ? ನಿಮಗೂ ಗೊತ್ತಿಲ್ವಾ?"

"ಲೆಕ್ಕ ಮಾಡಿದ್ಮೇಲೆ ಗೊತ್ತಾಗುತ್ತೆ ಸಾರ್."

"ಅಂದ್ರೆ ಇಷ್ಟು ವರ್ಷದಿಂದ ಗೊತ್ತಿಲ್ಲದ್ದನ್ನೇ ಮಕ್ಕಳ ಹತ್ರ ಕೇಳ್ತಾ ಬಂದಿದ್ದೀರಿ!" ಪ್ರಾಂಶುಪಾಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕೊನೆಗೆ ಬರೋದನ್ನ ಮೊದಲೇ ಕೊಟ್ಬಿಟ್ರೆ ಮಕ್ಕಳಿಗೆ ಸಮಯ ಉಳಿಯಲ್ವೇನ್ರೀ?"

ಎಷ್ಟೆಂದು ನಿಗದಿ ಮಾಡಬೇಕು ಎಂಬ ಬಗ್ಗೆ ಬಿಸಿಬಿಸಿ ಚರ್ಚೆಯಾಯಿತು. ಸೊನ್ನೆ ಬೇಡ, ಕಾಲೇಜಿನ ಮರ್ಯಾದೆ ಪ್ರಶ್ನೆ ಎಂದರು ಅಧ್ಯಕ್ಷರು. ಋಣಸಂಖ್ಯೆಯನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಸಾವಿರ ಇಡೋಣವೆಂದರೆ ಗುಣಾಕಾರಕ್ಕೆ ಹಾಳೆ ಹೆಚ್ಚು ಖರ್ಚಾಗುತ್ತದೆ ಎಂದು ನಾನೇ ಎಚ್ಚರಿಸಿದೆ. ಅಧ್ಯಕ್ಷರ ಅಳಿಯನ ಟ್ಯುಟೋರಿಯಲ್ಲಿನವರು 'ನಾಲ್ಕೇ ಪಾಠ, ನಾಲ್ಕೇ ಉತ್ತರ' ಎಂಬ ಫಲಕವನ್ನು ಹಿಂದಿನ ವಾರವೇ ಬರೆಸಿಬಿಟ್ಟಿದ್ದರು. ಸಭೆಯೂ ತಾನಾಗಿಯೇ ನಾಲ್ಕಕ್ಕೆ ಬಂದು ನಿಂತಿತು. ಮಹನೀಯರ ಆಲೋಚನೆಗಳು ಹೀಗೆ ಒಂದೇ ದಾರಿಯಲ್ಲಿ ನಡೆಯುವುದನ್ನು ಕಂಡು ನನಗೆ ಮನಸ್ಸು ತುಂಬಿ ಬಂತು. ವೈ ಎಂಬುದರ ಬೆಲೆಯನ್ನು ಉಪಸಮಿತಿಗೆ ಒಪ್ಪಿಸಲಾಯಿತು.

ಮೇಷ್ಟ್ರು ಕೈಯೆತ್ತಿದರು. "ಸಾರ್, ಪ್ರಶ್ನೆಪತ್ರಿಕೆ ಆಗಲೇ ಅಚ್ಚಾಗಿ ಅರಗಿನ ಮುದ್ರೆ ಬಿದ್ದಿದೆ. ಅದರಲ್ಲಿ ಎಕ್ಸ್ ನಾಲ್ಕಲ್ಲ."

"ಮತ್ತೆಷ್ಟು?"

"ಹೇಳೋ ಹಾಗಿಲ್ಲ ಸಾರ್. ಗೋಪ್ಯ."

ಪ್ರಾಂಶುಪಾಲರು ಅವರ ಪ್ರಾಮಾಣಿಕತೆಯನ್ನು ಮೆಚ್ಚಿ ಸಭೆಯ ನಡಾವಳಿಯಲ್ಲಿ ದಾಖಲಿಸಲು ಸೂಚಿಸಿದರು. ಮುದ್ರೆ ಒಡೆಯುವುದು ನಿಯಮಬಾಹಿರ, ನಿರ್ಧಾರ ಹಿಂಪಡೆಯುವುದು ಅವಮಾನ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಎರಡೂ ಇದ್ದ ಹಾಗೆಯೇ ಇರಲಿ ಎಂದು ತೀರ್ಮಾನವಾಗಿ ಬಿಸ್ಕತ್ತು ಹಂಚಲಾಯಿತು.

ಇಲ್ಲಿ ನನ್ನ ಅಕ್ಕನ ಮಗಳ ವಿಷಯ ಹೇಳಲೇಬೇಕು. ಅವಳೂ ಅದೇ ಪರೀಕ್ಷೆಗೆ ಕೂರುವವಳು. ಕಾಲೇಜಿನ ಹಿಂದಿನ ಹಳ್ಳಕ್ಕೆ ಕಾಲುಸೇತುವೆ ಕಟ್ಟಲು ಒಂದು ಕಚೇರಿ ತೆರೆದಿತ್ತು, ಸಿಮೆಂಟ್ ಅಧ್ಯಕ್ಷರದೇ. ಬೀಜಗಣಿತ ಪಾಸಾದವರಿಗೆ ಅಲ್ಲಿ ಸಂಬಳದ ತರಬೇತಿ. ಭಾವ ಹೋದ ಮೇಲೆ ಅಕ್ಕ ಹೊಲಿಗೆ ಯಂತ್ರ ತುಳಿದು ಮಗಳನ್ನು ಓದಿಸಿದವಳು. ಮೊಣಕಾಲು ನೋವು ಜೋರಾಗಿತ್ತು. ಆ ಕೆಲಸ ಸಿಕ್ಕರೆ ಯಂತ್ರಕ್ಕೂ ಅಕ್ಕನಿಗೂ ಬಿಡುವು. ಹುಡುಗಿಗೆ ಮಾತ್ರ ಚಿಕ್ಕಂದಿನಿಂದಲೂ ಸೇತುವೆಯದೇ ಹುಚ್ಚು. ಊಟದ ತಟ್ಟೆಗಳ ಮೇಲೆ ಅಳತೆಪಟ್ಟಿ ಇಟ್ಟು, ಮಧ್ಯೆ ಎಷ್ಟು ಭಾರ ಹೇರಿದರೆ ಬಾಗುತ್ತದೆ ಎಂದು ನೋಡುವವಳು.

ನಾನು ಅಕ್ಕನ ಮನೆಗೆ ಹೋದಾಗ ಹೊಲಿಗೆ ಮೇಜಿನ ಒಂದು ತುದಿಯಲ್ಲಿ ಲೆಕ್ಕ ಮಾಡುತ್ತ ಕೂತಿದ್ದಳು. ಸುತ್ತ ಬಟ್ಟೆ ಚೂರು, ದಾರದ ಉಂಡೆ.

"ಯಾಕಮ್ಮಾ ಸುಮ್ನೆ ಒದ್ದಾಡ್ತೀಯ? ಆದೇಶ ಓದ್ಲಿಲ್ವಾ?"

"ಓದ್ದೆ ಮಾವ. ಆದ್ರೆ ಪ್ರತಿ ಲೆಕ್ಕದಲ್ಲೂ ಎಕ್ಸ್ ಬೇರೆ ಬೇರೆ ಬರುತ್ತಲ್ಲ?"

"ಅದೇ ನೋಡು ಇದುವರೆಗೆ ಇದ್ದ ಅವ್ಯವಸ್ಥೆ."

ಅವಳು ನಕ್ಕಳು. ಹಿರಿಯರ ಮಾತಿಗೆ ನಗಬಾರದು ಎಂದು ಅಕ್ಕ ಒಳಗಿನಿಂದ ಗದರಿದಳು.

ಪರೀಕ್ಷೆ ಬಹಳ ಶಿಸ್ತಿನಿಂದ ನಡೆಯಿತು. ಹೊಸ ಗಂಟೆ ಹೊಡೆಯಿತು, ಅದು ಮುಗಿಯುವಷ್ಟರಲ್ಲಿ ಹೆಚ್ಚಿನವರು ಬರೆದು ಎದ್ದಿದ್ದರು. ಕೆಲವರು ಬಣ್ಣಕ್ಕೆ ಅಂಟಿಕೊಂಡಿದ್ದರಿಂದ ಏಳುವುದು ತಡವಾಯಿತು. ಕೊನೆಯವರೆಗೂ ಕೂತವಳು ನಮ್ಮ ಹುಡುಗಿಯೊಬ್ಬಳೇ. ನನಗೆ ಆಗಲೇ ಅನುಮಾನ ಬಂತು.

ಮುಖ್ಯ ಪ್ರಶ್ನೆ ಇದು: ಎಕ್ಸ್ ವರ್ಗದಿಂದ ಐದು ಎಕ್ಸ್ ಕಳೆದು, ಮತ್ತೆ ಹದಿನಾಲ್ಕು ಕಳೆದರೆ ಸೊನ್ನೆ, ಎಕ್ಸ್‌ನ ಬೆಲೆ ಎಷ್ಟು? ಎಲ್ಲರೂ ನಾಲ್ಕೆಂದು ಬರೆದಿದ್ದರು. ಇವಳು ಎರಡು ಪುಟ ಲೆಕ್ಕ ಮಾಡಿ, ಎಕ್ಸ್ ಎಂದರೆ ಏಳು, ಇಲ್ಲವೇ ಸೊನ್ನೆಗಿಂತ ಎರಡು ಕಡಿಮೆ ಎಂದು ಬರೆದಿದ್ದಳು. ಒಂದು ಬೆಲೆ ನಿಗದಿಯಾಗಿರುವಾಗ ಎರಡು ಬೆಲೆ ಬರೆದದ್ದು, ಅದರಲ್ಲಿ ಒಂದು ಅಧ್ಯಕ್ಷರಿಗೆ ಆಗದ ಋಣಸಂಖ್ಯೆ! ಸಾಲದ್ದಕ್ಕೆ ಕೆಳಗೊಂದು ಟಿಪ್ಪಣಿ: 'ನಾಲ್ಕು ಹಾಕಿ ನೋಡಿದೆ. ಹದಿನೆಂಟು ಕಡಿಮೆ ಬರುತ್ತದೆ.'

ಸಮಿತಿ ತುರ್ತಾಗಿ ಸೇರಿತು.

"ಹುಡುಗಿ ಬರೆದಿದ್ದು ಸರಿ ಇದೆ ಸಾರ್," ಎಂದರು ಮೇಷ್ಟ್ರು, ತಗ್ಗಿದ ದನಿಯಲ್ಲಿ.

"ಸರಿ ಇರಬಹುದು ರೀ. ಅನುಮತಿ ಇದೆಯಾ?" ಎಂದರು ಪ್ರಾಂಶುಪಾಲರು.

ಮೇಷ್ಟ್ರು ತಮ್ಮ ತೋಳಿನ ಬಣ್ಣ ಕೆರೆದುಕೊಂಡರು. ಅವರ ಕೆಲಸ ಖಾಯಂ ಆಗುವುದು ಇನ್ನೂ ಬಾಕಿ ಇತ್ತು.

ಅಧ್ಯಕ್ಷರು ವ್ಯಾಪಾರಸ್ಥರು, ಕೊರತೆ ಎಂಬುದನ್ನು ಬಲ್ಲವರು. "ಹದಿನೆಂಟು ತಾನೇ? ಮನ್ನಾ ಮಾಡಿ ಬಿಸಾಕಿ," ಎಂದರು. ಕೂಡಲೇ ನಾನು ಕರಡು ಸಿದ್ಧಪಡಿಸಿದೆ: 'ಸದರಿ ಸಮೀಕರಣದಲ್ಲಿ ಕಂಡುಬಂದಿರುವ ಹದಿನೆಂಟರ ಕೊರತೆಯನ್ನು ವಿದ್ಯಾರ್ಥಿಗಳ ಹಿತದೃಷ್ಟಿಯಿಂದ ಮನ್ನಾ ಮಾಡಲಾಗಿದ್ದು, ಎಡಭಾಗವು ಬಲಭಾಗಕ್ಕೆ ಸಮವಾಗಿದೆ ಎಂದು ಭಾವಿಸತಕ್ಕದ್ದು.' ಇಂಥ ವಾಕ್ಯ ನನ್ನ ಸೇವಾವಧಿಯಲ್ಲಿ ಮತ್ತೊಂದು ಬಂದಿಲ್ಲ. ಸುಳ್ಳೇಕೆ, ನನಗೆ ಹೆಮ್ಮೆಯಾಯಿತು.

ಆದರೆ ಒಬ್ಬಳು ಫೇಲಾದರೆ ನೂರಕ್ಕೆ ನೂರು ಫಲಿತಾಂಶ ಹಾಳು. ದಯೆಯಿಂದ ಅವಳಿಗೆ ತಿದ್ದಿಕೊಳ್ಳುವ ಅವಕಾಶ ಕೊಡಲಾಯಿತು. ಉತ್ತರಪತ್ರಿಕೆಯನ್ನು ನಾನೇ ಅವಳ ಮನೆಗೆ ಒಯ್ದೆ.

"ಏಳು ಹೊಡೆದುಹಾಕಿ ನಾಲ್ಕು ಅಂತ ಬರಿ, ಅಷ್ಟೇ. ಜೊತೆಗಿರೋ ಆ ಋಣ ಎರಡನ್ನೂ ಹೊಡೆದುಹಾಕು."

"ಮಾವ, ಹದಿನೆಂಟು ಕಡಿಮೆ ಬರುತ್ತೆ."

"ಮನ್ನಾ ಆಗಿದೆ ಅಂದ್ನಲ್ಲ."

"ಮನ್ನಾ ಮಾಡಿದ್ರೆ ಎಲ್ಲಿಗೆ ಹೋಗುತ್ತೆ ಅದು?"

ನಾನು ಮನ್ನಾ ಆದೇಶದ ಪ್ರತಿಯನ್ನು ಅವಳ ಮುಂದಿಟ್ಟೆ. ಅಕ್ಕ ಯಂತ್ರ ನಿಲ್ಲಿಸಿ, ಮೊಣಕಾಲು ಹಿಡಿದುಕೊಂಡು ಎದ್ದು ಬಂದಳು.

"ಬರೆದುಬಿಡೇ. ಊರಿಗೆಲ್ಲ ನಾಲ್ಕು, ನಿನಗೊಬ್ಬಳಿಗೆ ಏಳಾ? ಪಾಸಾಗದೆ ಇರೋ ಸತ್ಯ ತಗೊಂಡು ಉಪ್ಪು ಹಾಕಿ ನೆಕ್ತೀಯ?"

ಹುಡುಗಿ ಅಮ್ಮನ ಮೊಣಕಾಲನ್ನೇ ನೋಡಿದಳು. ಆಮೇಲೆ ಪೆನ್ನು ತೆಗೆದು, ಅಳತೆಪಟ್ಟಿ ಹಿಡಿದು, ಏಳರ ಮೇಲೊಂದು ನೇರ ಗೆರೆ ಎಳೆದಳು. ಎರಡರ ಮೇಲೆ ಇನ್ನೊಂದು ಎಳೆದು, ಪಕ್ಕದಲ್ಲಿ ನಾಲ್ಕು ಎಂದು ಬರೆದಳು. ಅಷ್ಟು ಅಚ್ಚುಕಟ್ಟಾಗಿ ಯಾರೂ ತಪ್ಪು ಮಾಡಿದ್ದನ್ನು ನಾನು ಕಂಡಿಲ್ಲ. ಅವಳು ಅಳಲಿಲ್ಲ. ನನಗೆ ಮಾತ್ರ ಸಂಕಟವಾಯಿತು. ಸಂಕಟಕ್ಕೆ ನಮ್ಮಲ್ಲಿ ರಜೆ ಇಲ್ಲದ ಕಾರಣ ನೇರವಾಗಿ ಕಚೇರಿಗೆ ಹೋದೆ.

ಫಲಿತಾಂಶ ನೂರಕ್ಕೆ ನೂರು. ಪಾಸಾದವರೆಲ್ಲ ಸೇತುವೆ ಕಚೇರಿ ಸೇರಿದರು. ಹಳ್ಳದ ಅಗಲ ಅಳೆಯೋಣ ಎಂದು ಅಲ್ಲಿ ಕೇಳಿದವಳು ನಮ್ಮ ಹುಡುಗಿಯೊಬ್ಬಳೇ ಅಂತೆ. ಅಗಲ ಈಗಾಗಲೇ ನಿಗದಿಯಾಗಿದೆ ಎಂದು ಮೇಲಿನವರು ತಿಳಿಸಿದರು. ಮತ್ತೆ ಅವಳು ಕೇಳಲಿಲ್ಲ. ಮನೆಯಲ್ಲಿ ತಟ್ಟೆಗಳ ಮೇಲೆ ಅಳತೆಪಟ್ಟಿ ಇಡುವುದನ್ನೂ ಬಿಟ್ಟಳು. ಅಕ್ಕ ಯಂತ್ರಕ್ಕೆ ಮುಸುಕು ಹಾಕಿದಳು.

ಉದ್ಘಾಟನೆಯ ದಿನ ಅಧ್ಯಕ್ಷರು ಟೇಪು ಕತ್ತರಿಸಿದರು. ಸೇತುವೆ ನೂರಕ್ಕೆ ನೂರು ಪೂರ್ಣಗೊಂಡಿದೆ, ಎದುರು ದಡ ಸಹಕರಿಸುತ್ತಿಲ್ಲ, ಅದಕ್ಕೆ ನೋಟಿಸ್ ಹೋಗಿದೆ ಎಂದು ಪ್ರಾಂಶುಪಾಲರು ಭಾಷಣದಲ್ಲಿ ಹೇಳಿದರು. ಜೋರು ಚಪ್ಪಾಳೆ. ಜನ ಸಾಲಾಗಿ ಸೇತುವೆ ಹತ್ತಿದರು. ಕೊನೆಯವರೆಗೆ ನಡೆದು, ಅಲ್ಲಿಂದ ಕೆಳಗೆ ಹರಿವ ನೀರನ್ನೂ ಆಚೆ ದಡವನ್ನೂ ನೋಡಿ, ಚೆನ್ನಾಗಿದೆ ಎಂದು ತಲೆದೂಗಿ, ಹಿಂತಿರುಗಿ ಹಳೆಯ ಸುತ್ತುದಾರಿ ಹಿಡಿದು ಆಚೆಗೆ ಹೋದರು.

ನಾನೂ ಅಕ್ಕನೂ ಸಾಲಿನಲ್ಲಿ ನಿಂತೆವು. ತುದಿಯಲ್ಲಿ ಹಳದಿ ಟೋಪಿ ಹಾಕಿಕೊಂಡು, ಅಡ್ಡ ಹಗ್ಗ ಹಿಡಿದು ನಿಂತಿದ್ದವಳು ನಮ್ಮ ಹುಡುಗಿ. ಅದೇ ಅವಳ ಕೆಲಸ. ನಾನು ಇನ್ನೊಂದು ಹೆಜ್ಜೆ ಮುಂದಿಡಲು ಹೋದಾಗ ತೋಳು ಹಿಡಿದು ಎಳೆದಳು.

"ಅಲ್ಲೇ ನಿಲ್ಲಿ ಮಾವ."

"ಯಾಕಮ್ಮಾ?"

"ಇಲ್ಲಿಂದಾಚೆ ಹದಿನೆಂಟು ಅಡಿ ಮನ್ನಾ ಆಗಿದೆ."

ನಾನು ಹಿಂದಕ್ಕೆ ತಿರುಗಿದೆ. ನನ್ನ ಹಿಂದಿದ್ದವರೂ, ಅವರ ಹಿಂದಿದ್ದವರೂ, ಯಾರೂ ಏನೂ ಕೇಳದೆ ಸಾಲಾಗಿ ತಿರುಗಿದರು.