ಶಿಗ್ಗಾಂವ ಹುಡುಗ್ಯಾರ ಬೇಸ್‌ಬಾಲ್ ತಯಾರಿ

ಗ್ರೌಂಡಿಗೆ ಇಳದ ದಿನಾ ಏನರ ಒಂದು ಆಗಲಿಲ್ಲಂದ್ರ ನನಗ ಊಟಾನ ಸೇರಂಗಿಲ್ಲ, ಆ ಪರಿ ರೂಢಿ ಆಗಿಬಿಟ್ಟೈತಿ. ನಾನು ಶಿಗ್ಗಾಂವದ ಒಂದು ಕಾಲೇಜಿನ್ಯಾಗ ಆಟದ ಮೇಡಂ. ಕೊಳ್ಳಾಗ ಸೀಟಿ, ಮೂಗಿನ ತುದ್ಯಾಗ ಸಿಟ್ಟು. ಇವೆರಡು ಇಲ್ಲದ ನನ್ನ ಯಾರೂ ನೋಡಿಲ್ಲ. ಈಗ ಯೂನಿವರ್ಸಿಟಿ ಬೇಸ್‌ಬಾಲ್ ಪಂದ್ಯದ ಹಂಗಾಮು ಹತ್ರ ಬಂತಲ್ಲ, ಚಾದಂಗಡ್ಯಾಗ ನಿಂತ್ರೂ ಮಂದಿ ಕೇಳ್ತಾರ, "ಮೇಡಂ, ಈ ಸಲ ಹುಡುಗ್ಯಾರ ಟೀಮು ಹೆಂಗೈತ್ರಿ?" ಒಂದ ಮಾತಿನ್ಯಾಗ ಹೆಂಗ ಹೇಳ್ಲಿ? ಕುಂತು ಕೇಳ್ರಿ.

ಹ್ವಾದ ವರ್ಷ ನಾವು ಒಂದ ಮ್ಯಾಚೂ ಗೆದ್ದಿರಲಿಲ್ಲ. ಅದಕ್ಕ ಈ ಸಲ ತಯಾರಿ ಚಾಲೂ ಮಾಡೋ ಮೊದಲ ಪ್ರಿನ್ಸಿಪಾಲರು ಕರದು ಕುಂಡ್ರಿಸಿ ಹೇಳಿಬಿಟ್ರು. "ನೋಡ್ರಿ ಮೇಡಂ, ಹಿರೇಕೆರೂರು ಕಾಲೇಜಿನ ಹುಡುಗ್ಯಾರ ಕೂಡ ನಮ್ಮ ಗ್ರೌಂಡಿನ್ಯಾಗ ಒಂದು ಮ್ಯಾಚ್ ಇಡೂಣು. ಗೆದ್ರ ಟೂರ್ನಮೆಂಟಿಗೆ ಹೋಗ್ರಿ. ಸೋತ್ರ ಆ ಬ್ಯಾಟು ಗೀಟು ಕ್ವಾಣ್ಯಾಗ ಹಾಕಿ, ಎಲ್ಲಾರ್ನೂ ಥ್ರೋಬಾಲ್ ಆಡಸ್ರಿ."

ಈ ಹುಡುಗ್ಯಾರಂದ್ರ ನನಗ ಜೀಂವಾ. ಹಾನಗಲ್ಲ ಕಡಿಯಾಕಿ ಒಬ್ಬಾಕಿ ಅದಾಳ, ಮಾವಿನ ತ್ವಾಟದಾಗ ಮಂಗ್ಯಾ ಓಡಿಸಿ ಓಡಿಸಿ ಆಕಿ ಕೈ ಎಂಥಾದ್ದು ಪಳಗೈತಿ ಅಂದ್ರ, ಚೆಂಡು ಒಗದ್ರ ಗಾಳಿ ಸುಂಯ್ ಅಂತೈತಿ. ಏನ ಅಂದ್ರ, ಒಗ್ಯಾಗೊಮ್ಮೆ "ಹುಶ್ ಹಾ!" ಅಂತಾಳ. ಬಾಯಿ ಮುಚ್ಚು ಅಂದ್ರ ಚೆಂಡು ನಡಬರಕ ಬೀಳತೈತಿ. ಇಂಥಾ ಹುಡುಗ್ಯಾರ್ನ ಥ್ರೋಬಾಲಿಗೆ ಹಾಕೋದಂದ್ರ ನನಗ ಅಳುನ ಬಂತು.

ಬಸ್ಸಿನ್ಯಾಗ ಬ್ಯಾಟು

ಅರ್ಧ ಟೀಮು ಸವಣೂರಿಂದ ಬರತೈತಿ. ಒಂದ ಮುಂಜಾನೆ ನಾನೂ ಅವರ ಸಂಗಟ ಇದ್ದೆ. ಸವಣೂರು ಶಿಗ್ಗಾಂವ ಬಸ್ಸಿನ ಹಣೇಬಾರ ನಿಮಗ ಗೊತ್ತೈತಿ, ಆ ಹೊತ್ತಿಗೆ ಕಾಲಿಡಾಕ ಜಾಗಾ ಇರಂಗಿಲ್ಲ. ಹೆಣ್ಮಕ್ಕಳ ಸೀಟಿನ್ಯಾಗ ಗಂಡಸರು ಆರಾಮ ಕುಂತಿರ್ತಾರ. ಕಂಡಕ್ಟರು "ಹೆಣ್ಮಕ್ಕಳಿಗೆ ಸೀಟ್ ಬಿಡ್ರೋ ಯಪ್ಪಾ" ಅಂತ ಒದರಿದ್ರ, ಎಲ್ಲಾರೂ ಕಿಡಕ್ಯಾಗಿಂದ ಹೊಲಾ ನೋಡಾಕ ಹತ್ತತಾರ. ಹುಟ್ಟಿದಾಗಿಂದ ಹೊಲಾನ ಕಂಡಿಲ್ಲ ಅನ್ನೋಹಂಗ!

ಅವತ್ತ ನಮ್ಮ ಹುಡುಗ್ಯಾರು ಹೆಗಲ ಮ್ಯಾಲ ಬ್ಯಾಟ್ ಇಟ್ಕೊಂಡು ಹತ್ತಿದ್ರು. ಮುಂದಿನ ಸೀಟಿನ್ಯಾಗ ಒಬ್ರು ದೊಡ್ಡ ಮೀಸಿಯವರು ಕುಂತಿದ್ರು, ಅವರ ಮೊದಲ ಎದ್ರು. "ಬಾ ತಂಗೀ, ಕುಂಡ್ರು. ನಾ ಇಲ್ಲೇ ಇಳಿಯಾಂವ" ಅಂದ್ರು. ಇಳಿಯೋದು ಎಲ್ಲಿ ಬಂತು, ಬಸ್ಸು ಇನ್ನಾ ಸವಣೂರ ಸ್ಟ್ಯಾಂಡ್ ಬಿಟ್ಟಿರಲಿಲ್ಲ. ಅವರ ಹಿಂದಿನವರು ಎದ್ರು, ಅವರ ಹಿಂದಿನವರೂ ಎದ್ರು. ಕಂಡಕ್ಟರ್ ಸೀಟೂ ಖಾಲಿ ಆತು.

ನಮ್ಮ ಒಬ್ಬಾಕಿ ಭೋಳೆ ಹುಡುಗಿ, "ಮೇಡಂ, ನಮ್ಮ ಕಡೆ ಮಂದಿ ಎಷ್ಟು ಚಲೋ ಅದಾರ್ರಿ!" ಅಂದ್ಳು.

ಶಿಗ್ಗಾಂವದಾಗ ಇಳಿಯಾಗ ಕಂಡಕ್ಟರು ನನ್ನ ಬಾಜೂಕ ಕರದು ಕೈ ಮುಗದ. "ಮೇಡಂ, ದಿನಾ ಇದ ಬಸ್ಸಿಗೆ ಬರ್ರಿ. ಹುಡುಗ್ಯಾರಿಗೆ ಸೂಟಿ ಇದ್ರ ಅಡ್ಡಿಯಿಲ್ಲ, ಬರೇ ಒಂದು ಬ್ಯಾಟು ಕೊಟ್ಟ ಕಳಸ್ರಿ!"

ಗೋವಿನಜೋಳದಾಗ ಬೀಳೋದು

ಸುಗ್ಗಿ ಬಂತಂದ್ರ ನಮ್ಮ ಗ್ರೌಂಡು ನಮ್ಮದಲ್ಲ. ಸುತ್ತಲಿನ ಮಂದಿ ತಾಡಪತ್ರಿ ಹಾಸಿ ಗೋವಿನಜೋಳ ಒಣ ಹಾಕ್ತಾರ. ಆಟದಾಗ ಓಡಿ ಹೋಗಿ ಮುಟ್ಟೋ ಎರಡನೇ ಬೇಸು, ಮೂರನೇ ಬೇಸು ಎಲ್ಲಾ ಜೋಳದ ಅಡಿಗೆ. ಜೋಳಾ ಕಾಯಾಕ ಒಬ್ಬಾಕಿ ಮುದುಕಿ ಕೋಲ ಹಿಡಕೊಂಡು ಕುಂತಿರತಾಳ. ನಾನು ಜಗಳಾ ತಗದೆ. "ಯವ್ವಾ, ಇದು ಕಾಲೇಜ ಗ್ರೌಂಡು, ನಿನ್ನ ಕಣ ಅಲ್ಲ!"

"ನಾ ಎಲ್ಲಿ ಬ್ಯಾಡ ಅಂದೆ? ಆಡ್ರಲ್ಲ" ಅಂದ್ಳು ಮುದುಕಿ. "ಜೋಳದ ಮ್ಯಾಲ ಉಗುಳಬ್ಯಾಡ್ರಿ, ಅಷ್ಟ."

ಸಿಟ್ಟು ಬಂತು. ಬಂದದ್ದಕ್ಕ ಒಂದು ವಿಚಾರಾನೂ ಹೊಳೀತು. ಓಡಿ ಬಂದು ಬೇಸಿನ ಹತ್ರ ಜಾರಿ ಬೀಳೋದು ಅಂತ ಒಂದು ಪಟ್ಟು ಐತಿ, ಗಟ್ಟಿ ನೆಲದ ಮ್ಯಾಲ ಕಲಿಸಿದ್ರ ಮೊಣಕಾಲ ಕೆತ್ತಿ ಹೋಗ್ತಾವು. ಜೋಳದ ಮ್ಯಾಲ ಆದ್ರ ಸರ್ ಅಂತ ಜಾರ್ತಾರ, ಗಾಯಾ ಆಗಂಗಿಲ್ಲ. "ನಡೀರಿ, ಜೋಳದಾಗ ಜಾರ್ರಿ!" ಅಂದೆ. ಮುದುಕಿ ಬಡಕೊಳ್ಳಲಿ, ನಾಳೆ ರಾಶಿ ಎತ್ಕೊಂಡು ಹೊಕ್ಕಾಳ ಅಂತ ನನ್ನ ಲೆಕ್ಕಾ. ಹುಡುಗ್ಯಾರು ಒಬ್ಬರ ಹಿಂದ ಒಬ್ಬರು ಜಾರಿದ್ದ ಜಾರಿದ್ದು. ಜೋಳಾ ಮ್ಯಾಲಿಂದು ಕೆಳಗ, ಕೆಳಗಿಂದು ಮ್ಯಾಲ. ಮುದುಕಿ ಎಲಿ ಅಡಿಕಿ ಹಾಕ್ಕೊಂಡು ನೋಡ್ಕೋತ ಕುಂತ್ಳು.

ಮರುದಿನಾ ನಾನು ಹಟಾ ಬಿಟ್ಟು, ಪಾಪ ಅಂತ, ಹುಡುಗ್ಯಾರ್ನ ಬ್ಯಾರೆ ಮೂಲಿಗೆ ಕರಕೊಂಡ ಹ್ವಾದೆ. ಮುದುಕಿ ಕೋಲ ಊರ್ಕೋತ ಅಲ್ಲೀತನಕ ಬಂದ್ಳು.

"ಯಾಕ ಮೇಡಂ, ಇವತ್ತ ಹುಡುಗ್ಯಾರು ಬೀಳವಲ್ರು? ದಿನಾ ಈ ಜೋಳಾ ಕಾಲಿಲೆ ಆಡಿಸಿ ಆಡಿಸಿ ನನ್ನ ಸೊಂಟಾ ಹೋಗಿತ್ತು, ನಿನ್ನೆ ಎಷ್ಟು ಚಂದ ತಿರುವಿದ್ರು. ಆ ತೆಂಕಣ ಮಗ್ಗಲಿಂದು ಇನ್ನಾ ಹಸೀ ಐತಿ. ಆ ದಪ್ಪನ್ನ ಹುಡುಗಿಗೆ ಅಲ್ಲಿ ಸ್ವಲ್ಪ ಬೀಳಾಕ ಹೇಳ್ರಿ!"

ಜಾಳಿಗಿ ಹಿಂದಿನ ಕನ್ಯಾ

ಬೇಸ್‌ಬಾಲಿನ್ಯಾಗ ಕ್ಯಾಚರ್ ಅಂತ ಒಬ್ಬಾಕಿ ಇರತಾಳ. ಬ್ಯಾಟ್ ಹಿಡದಾಕಿ ಹಿಂದ, ಮಾರಿಗೆ ಕಬ್ಬಿಣದ ಜಾಳಿಗಿ, ಎದಿಗೆ ಗಾದಿ ಕಟಕೊಂಡು ಕುಕ್ಕರಗಾಲಿಲೆ ಕುಂತು ಚೆಂಡು ಹಿಡೀಬೇಕು. ನಮ್ಮ ಕ್ಯಾಚರ್ ಚಂದ ಹುಡುಗಿ, ಇಲ್ಲೇ ಶಿಗ್ಗಾಂವದಾಕಿ. ಆಕಿ ಅವ್ವಗ ಮಗಳ ಲಗ್ನದ್ದ ಚಿಂತಿ.

ಒಂದ ದಿನಾ ಕನ್ಯಾ ನೋಡಾಕ ಬೀಗರು ಬಂದ್ರು. ಮಗಳು ಮನ್ಯಾಗ ಇಲ್ಲ. ಅವ್ವ ಏನ ಮಾಡ್ಯಾಳು, ಉಪ್ಪಿಟ್ಟು ತಿನ್ನಿಸಿ ಎಲ್ಲಾರ್ನೂ ಸೀದಾ ಗ್ರೌಂಡಿಗೆ ಕರಕೊಂಡು ಬಂದ್ಳು. ಹುಡುಗನ ಅವ್ವ, ಹುಡುಗನ ಸೋದರಮಾವ, ಹುಡುಗ. ಎಲ್ಲಾರೂ ಬೇವಿನ ಗಿಡದ ನೆಳ್ಳಾಗ ಸಾಲಾಗಿ ನಿಂತ್ರು.

"ಎಲ್ಲಿ ಹುಡುಗಿ?" ಅಂದ್ರು ಮಾವನವರು.

"ಅಗೋ, ಜಾಳಿಗಿ ಒಳಗ ಅದಾಳ್ರಿ" ಅಂದ್ಳು ಅವ್ವ.

ನಾನು ಆಟಾ ನಿಂದ್ರಿಸಾಕ ಸೀಟಿ ಬಾಯಾಗ ಇಟ್ಟಿದ್ದೆ. ಅಷ್ಟರಾಗ ಯಾವಾಕಿನೋ ಎರಡನೇ ಬೇಸಿಗೆ ಓಡಿದ್ಳು. ನಮ್ಮ ಕ್ಯಾಚರ್ ಕುಂತಲ್ಲಿಂದ ಜಿಗದು ಎದ್ದು, ಜಾಳಿಗಿ ಕಿತ್ತ ಒಗದು, ಚೆಂಡು ಬೀಸಿದ್ಳು ನೋಡ್ರಿ, ಗ್ರೌಂಡಿನ ಆ ತುದೀಗೆ ಹೋಗಿ ಗ್ಲೌಸಿನ್ಯಾಗ ಢಪ್ ಅಂತು. ಔಟ್! ನನಗ ಖುಷಿ ತಡೀಲಿಲ್ಲ, ಬೀಗರ ಮುಂದನ ಕುಣದಬಿಟ್ಟೆ. ಹುಡುಗನೂ ಚಪ್ಪಾಳಿ ಹೊಡದ. ಅವನ ಅವ್ವ ಕಣ್ಣ ಬಿಟ್ಟಳು, ಅವನ ಕೈ ತಾನ ಕೆಳಗ ಇಳೀತು.

ಸಂಜೀಕ ಹುಡುಗಿ ಅವ್ವ ಮಾರಿ ಸಣ್ಣದು ಮಾಡ್ಕೊಂಡು ನನ್ನ ಹತ್ರ ಬಂದ್ಳು. ಏನ ಅಂದ್ರು ಅಂತ ಕೇಳಿದೆ.

"ಹುಡುಗಿ ಮನಸಿಗೆ ಬಂದಾಳಂತ್ರಿ. ಆದ್ರ ಹುಡುಗನ ಅವ್ವ ಒಂದ ಮಾತ ಕೇಳ್ಯಾಳ. 'ನಾಳೆ ಗಂಡಾ ಹೆಂಡ್ತಿ ಜಗಳಾ ಬಂದು, ಈಕಿ ಕೈಯಾಗ ಚರಗಿ ಸಿಕ್ರ, ನನ್ನ ಮಗಾ ಎಷ್ಟು ದೂರ ಓಡಬೇಕಾಕ್ಕೈತಿ?'"

ಸೆರಗು

ಆಟದಾಗ ಒದರಿ ಹೇಳಿದ್ರ ಎದುರಿನವರಿಗೂ ತಿಳೀತೈತಿ, ಅದಕ್ಕ ಕೈಸನ್ನಿ ಕಲಿಸಿದ್ದೆ. ನಾನು ಎಡಗಡೆ ಭುಜಾ ಮುಟಕೊಂಡ್ರ ಮುಂದಿನ ಬೇಸಿಗೆ ಓಡಬೇಕು. ಟ್ರ್ಯಾಕ್ ಸೂಟ್ ಹಾಕಿದಾಗ ಯಾರು ಸುಮ್ನ ಭುಜಾ ಮುಟಕೋತಾರ? ಭಾಳ ಶಾಣ್ಯಾತನಾ ಮಾಡೇನಿ ಅಂತ ನನಗ ಹೆಮ್ಮಿ.

ಸವಣೂರಾಗ ಒಂದು ತಾಲೀಮಿನ ಮ್ಯಾಚ್ ಇತ್ತು. ಯಾರೋ ದೊಡ್ಡವರು ಉದ್ಘಾಟನೆಗೆ ಬರ್ತಾರ, ಮೇಡಮ್ಮಾರು ಸೀರಿ ಉಟಕೊಂಡು ಬರ್ರಿ ಅಂದ್ರು. ರೇಷ್ಮಿ ಸೀರಿ ಉಟಕೊಂಡು ಹ್ವಾದೆ. ದೊಡ್ಡವರು ಬಂದ್ರು, ಟೆಂಗಿನಕಾಯಿ ಒಡದ್ರು, ಹ್ವಾದ್ರು. ಆಟಾ ಚಾಲೂ ಆತು. ಅವತ್ತಿನ ಗಾಳಿ ಏನ ಕೇಳ್ತೀರಿ!

ನನ್ನ ಸೆರಗು ಹಾರಿತು, ಹಿಡಕೊಂಡೆ. ಮೊದಲನೇ ಬೇಸಿನ್ಯಾಗಿನಾಕಿ ಓಡಿದ್ಳು, ಔಟ್. "ಎದಕ್ಕ ಓಡಿದಿಲೇ?" ಅಂತ ಒದರಿದೆ, ಒದರೋ ಭರಾಟ್ಯಾಗ ಮತ್ತ ಸೆರಗು ಜಾರಿತು, ಏರಿಸಿಕೊಂಡೆ. ಎರಡನೇದಾಕಿ ಓಡಿದ್ಳು, ಔಟ್. ಸಿಟ್ಟಿಗೆದ್ದು ಸೆರಗು ಎಳದು ಭುಜದ ಮ್ಯಾಲ ಬಡಕೊಂಡೆ. ಮೂರನೇ ಬೇಸಿನ್ಯಾಗ ಇದ್ದಾಕಿ, ಮೇಡಂ ಭಾಳ ಅವಸರದಾಗ ಅದಾರ ಅಂತ ತಿಳಕೊಂಡು, ಚೆಂಡು ಎದುರಿನವರ ಕೈಯಾಗ ಇದ್ದಂಗನ ಓಡಿ ಬಂದ್ಳು!

ಮುಂದಿನ ಸರತಿಗೆ ಒಂದು ಪಿನ್ನು ಇಸ್ಕೊಂಡು ಸೆರಗಿಗೆ ಭದ್ರ ಚುಚ್ಚಿಕೊಂಡೆ. ಈಗ ಖರೇನ ಓಡೋ ಹೊತ್ತು ಬಂತು. ಭುಜಾ ಮುಟಕೊಂಡೆ, ಹುಡುಗಿ ಮಿಸುಕಲಿಲ್ಲ. ಬಡಬಡಾ ಬಡಕೊಂಡೆ, ಊಹೂಂ. ಸೋತ ಮ್ಯಾಲ ಎಲ್ಲಾರೂ ಸವಣೂರು ಖಾರಾ ತಿನಕೋತ ಕುಂತಾಗ ಆಕಿನ್ನ ಕೇಳಿದೆ, ಯಾಕ ಓಡಲಿಲ್ಲವ್ವಾ?

"ನಿಮಗ ಪಿನ್ನು ಚುಚ್ಚಾಕತ್ತೈತಿ ಅಂತ ತಿಳದೆ ಮೇಡಂ. ಪಾಪ ಅನ್ನಿಸ್ತು" ಅಂದ್ಳು.

ಹಿರೇಕೆರೂರಿನವರ ಕೂಡ

ಕಡೀಕ ಆ ಮ್ಯಾಚ್ ಬಂತು. ಗೆದ್ರ ಟೂರ್ನಮೆಂಟು, ಸೋತ್ರ ಥ್ರೋಬಾಲು. ಪ್ರಿನ್ಸಿಪಾಲರು ಕುರ್ಚಿ ಹಾಕಿಸಿಕೊಂಡು ಮುಂದನ ಕುಂತಿದ್ರು. ಹಿರೇಕೆರೂರು ಹುಡುಗ್ಯಾರು ಗಟ್ಟಿ, ಆದ್ರ ನಮ್ಮವರು ಅವತ್ತ ಮೈಮ್ಯಾಲ ಬಂದವರಂಗ ಆಡಿದ್ರು. ಕಡೀ ಸರತಿ, ಅವರ ಬ್ಯಾಟಿಂಗು. ನಾವು ಒಂದ ರನ್ ಮುಂದ ಇದ್ವಿ, ಅವರದು ಇನ್ನೊಂದ ಔಟ್ ಆದ್ರ ನಾವು ಗೆದ್ದಂಗ. ಆದ್ರ ಅವರ ಚಿಗರಿಯಂಥಾ ಹುಡುಗಿ ಒಬ್ಬಾಕಿ ಮೂರನೇ ಬೇಸಿನ್ಯಾಗ ನಿಂತಿದ್ಳು. ಆಕಿ ಓಡಿ ಬಂದು, ನಮ್ಮ ಕ್ಯಾಚರ್ ಮುಂದಿರೋ ಬಿಳೀ ರಬ್ಬರ್ ಹಲಗಿ ತುಳದ್ರ ಸಮಾ ಆಗ್ತಿತ್ತು.

ಅಷ್ಟರಾಗ ನೀರು ಕುಡ್ಯಾಕ ಆಟಾ ನಿಂದ್ರಿಸಿದ್ರು. ನಮ್ಮ ಕ್ಯಾಚರ್ ಅವ್ವ ದಡಾದಡಾ ಗ್ರೌಂಡಿನ್ಯಾಗ ಬಂದ್ಳು. "ನನ್ನ ಮಗಳಿಗೆ ಎಲ್ಲಾರ ಕಣ್ಣು ತಾಗೈತಿ" ಅಂದಾಕಿನ, ಉಡ್ಯಾಗಿಂದ ಲಿಂಬಿಹಣ್ಣು ತಗದು, ಮಗಳ ಮಾರಿ ಸುತ್ತ ಇಳಿ ತಗದು, ಅದನ್ನ ಎರಡು ಹೋಳು ಮಾಡಿ ಕುಂಕುಮಾ ಹಚ್ಚಿ, ಆ ಬಿಳೀ ಹಲಗಿ ಮ್ಯಾಲ ಇಟ್ಟಬಿಟ್ಳು.

"ಅದನ್ನ ತಗೀರಿ ಅವ್ವಾರ" ಅಂದ್ರು ಅಂಪೈರು.

"ಇಳಿ ತಗದದ್ದನ್ನ ನಾ ಮತ್ತ ಮುಟ್ಟಂಗಿಲ್ಲ. ನೀವ ಎತ್ತಿ ಒಗೀರಿ ಸಾಹೇಬರ" ಅಂದ್ಳು ಅವ್ವ.

ಅಂಪೈರು ಲಿಂಬಿಹಣ್ಣು ನೋಡಿದ್ರು. ನನ್ನ ಮಾರಿ ನೋಡಿದ್ರು. ನಾನು ಬ್ಯಾರೆ ಕಡೆ ನೋಡಿದೆ. ಅವರು ಎರಡೂ ಕೈ ಕಿಸೆದಾಗ ಇಟಗೊಂಡು "ಪ್ಲೇ!" ಅಂದ್ರು.

ಹಾನಗಲ್ಲಾಕಿ "ಹುಶ್ ಹಾ" ಅಂತ ಒಗದ್ಳು, ಅವರ ಹುಡುಗಿ ಬಾರಿಸಿದ್ಳು, ಚೆಂಡು ದೂರ ಹೋತು. ಮೂರನೇ ಬೇಸಿನ ಚಿಗರಿ ಬಿಟ್ಟ ಬಾಣದಂಗ ಬಂತು. ಮುಗೀತು ನಮ್ಮ ಕತಿ ಅಂತ ನಾನು ಕಣ್ಣ ಮುಚ್ಚಿದೆ. ಗದ್ದಲಾ ಕೇಳವಲ್ದು. ಕಣ್ಣ ತಗದು ನೋಡ್ತೇನಿ, ಹುಡುಗಿ ಹಲಗಿ ಮುಂದ ಗಕ್ಕನ ನಿಂತಾಳ!

"ಯವ್ವಾ! ಇಳಿ ತಗದ ಲಿಂಬಿಹಣ್ಣು! ನಾ ತುಳಿಯಂಗಿಲ್ಲ!"

"ತುಳಿಯಲೇ!" ಅಂತ ಅವರ ಕೋಚ್ ಒದರಿದ್ರು.

"ನೀವ ಬಂದು ತುಳೀರಿ ಸರ್!"

ಅಷ್ಟರಾಗ ಚೆಂಡು ನಮ್ಮ ಕ್ಯಾಚರ್ ಕೈಗೆ ಬಂತು. ಚೆಂಡು ಹಿಡದ ಗ್ಲೌಸಿಲೆ ಆಕಿನ್ನ ಮುಟ್ಟಿದ್ರ ಸಾಕು, ಔಟ್. ಆದ್ರ ನಡುವ ಲಿಂಬಿಹಣ್ಣು, ನಮ್ಮಾಕಿನೂ ದಾಟವಲ್ಲಳು. ಈ ಕಡೆ ಈಕಿ, ಆ ಕಡೆ ಆಕಿ. ಪ್ರಿನ್ಸಿಪಾಲರು ಕುರ್ಚಿ ಬಿಟ್ಟ ಎದ್ದು "ಮೂಢನಂಬಿಕಿ! ಎಲ್ಲಾ ಮೂಢನಂಬಿಕಿ! ದಾಟ್ರಿ!" ಅಂತ ಕೂಗ್ಕೋತ ಗ್ರೌಂಡಿನೊಳಗ ಬಂದ್ರು. ಹಂಗಂದ್ರು ಖರೆ, ಬರೋವಾಗ ತಾವು ಲಿಂಬಿಹಣ್ಣಿಂದ ಮಾರು ದೂರ ಸುತ್ತಿ ಬಂದ್ರು.

ಹಿರೇಕೆರೂರು ಹುಡುಗಿ ಅಳೂ ಹಂಗ ಆದ್ಳು. ನೋಡಿ ನಮ್ಮ ಕ್ಯಾಚರ್ ಅವ್ವಗ ಕರಳು ಚುರ್ ಅಂತು. ಓಡಿ ಹೋಗಿ ಆಕಿ ಕೈ ಹಿಡದ್ಳು. "ಅಂಜಬ್ಯಾಡ ನನ್ನವ್ವ. ತುಳೀಬ್ಯಾಡ, ಹಿಂಗ ಬಾಜೂಲೆ ಬಾ" ಅಂತ ಮೆಲ್ಲಕ ಲಿಂಬಿಹಣ್ಣಿನ ಸುತ್ತ ನಡಿಸಿಕೊಂಡು ಬಂದು, ತನ್ನ ಮಗಳ ಮುಂದ ನಿಂದ್ರಿಸಿ, "ಹಾಂ, ಈಗ ಈ ಅಕ್ಕನ ಕೈ ಹಿಡಕೊ" ಅಂದ್ಳು.

ಅಕ್ಕ ಗ್ಲೌಸ್ ಮುಂದ ಮಾಡಿದ್ಳು. ಹುಡುಗಿ ಹಿಡಕೊಂಡ್ಳು.

"ಔಟ್!"

ಹಿರೇಕೆರೂರು ಕೋಚ್ ಬೆಂಕಿಯಾಗಿ ಬಂದ್ರು. "ಇದು ಯಾವ ರೂಲ್ಸಿನ್ಯಾಗ ಐತಿ? ಆ ಅವ್ವ ಯಾಕ ನಡುವ ಬಂದ್ರು?"

"ಬರದ ಏನ ಮಾಡ್ಲಿ?" ಅಂದ್ಳು ಅವ್ವ. "ಹರೇದ ಹುಡುಗಿ ಲಿಂಬಿಹಣ್ಣು ತುಳದು, ರಾತ್ರಿ ಮೈ ಕಾದ್ರ ನೀವು ಜವಾಬ್ದಾರಿ ತಗೋತೀರೇನು?"

ಕೋಚ್ ಸ್ವಲ್ಪ ವಿಚಾರ ಮಾಡಿದ್ರು. "ಅದೂ ಖರೇನ ಬಿಡ್ರಿ" ಅಂದು ಅಂಪೈರ್ ಹೇಳಿದ್ದಕ್ಕ ಒಪ್ಪಿಕೊಂಡ್ರು.

ಗೆದ್ವಿ! ನಾನು ಹುಡುಗ್ಯಾರ್ನ ಅಪ್ಪಿಕೊಂಡು ಗಳಗಳಾ ಅತ್ತೆ. ಪ್ರಿನ್ಸಿಪಾಲರು ಬಂದು, "ಹೋಗ್ರಿ ಮೇಡಂ ಟೂರ್ನಮೆಂಟಿಗೆ. ಕೊಟ್ಟ ಮಾತು ಮಾತ" ಅಂದ್ರು. ಅಷ್ಟರಾಗ ಕ್ಯಾಚರ್ ಅವ್ವ ನನ್ನ ಬಾಜೂಕ ಕರದು, ಯಾರಿಗೂ ಕೇಳದಂಗ ಕಿವ್ಯಾಗ ಕೇಳಿದ್ಳು.

"ಮೇಡಂ, ನಾನೂ ಬರ್ತೇನಿ. ಅಲ್ಲಿ ಮೂರೂ ಬೇಸು ಮತ್ತ ಈ ಹಲಗಿ ಕೂಡಿ ನಾಕ ಜಾಗಾ ಆಕ್ಕಾವಲ್ಲ, ನಾಕ ಲಿಂಬಿಹಣ್ಣು ಸಾಕೋ, ದಿನಕ್ಕ ಬ್ಯಾರೆ ತರ್ಲೋ?"